ಹಳೇ ಡಾಡ್ಜ್ ಚಾರ್ಜರ್ ಕಾರು ಅಗ್ಗಕ್ಕೆ ಸಿಗ್ತಿದೆ ಅಂತ ಓಡಬೇಡಿ: ಹ್ಯೂಸ್ಟನ್‌ನಲ್ಲಿ ನನಗಾದ ಮೋಸ

ಹ್ಯೂಸ್ಟನ್, ಕೇಟಿ, ಶುಗರ್‌ಲ್ಯಾಂಡ್ ಕಡೆ ಇರುವ ಕನ್ನಡದವರು, ಅದರಲ್ಲೂ ಸೆಕೆಂಡ್ ಹ್ಯಾಂಡ್ ಮಸಲ್ ಕಾರು (ದೊಡ್ಡ ಎಂಜಿನ್ನಿನ ಜೋರು ಗಾಡಿ) ಹುಡುಕ್ತಿರೋ ಹುಡುಗರು, ದಯವಿಟ್ಟು ಇದನ್ನು ಪೂರ್ತಿ ಓದಿ. ಉದ್ದ ಇದೆ, ಗೊತ್ತು. ಕೋಪದಲ್ಲಿ ಬರೀತಿದ್ದೀನಿ, ಹಿಂದೆಮುಂದೆ ಆಗಿದ್ರೆ ಸಹಿಸಿಕೊಳ್ಳಿ. ಡೀಲರ್ ಹೆಸರು ಹಾಕ್ತಿಲ್ಲ, ನೋಟಿಸ್ ಹೋಗಿದೆ, ವಕೀಲರು ಸದ್ಯಕ್ಕೆ ಬೇಡ ಅಂದಿದ್ದಾರೆ.

ವಿಷಯ ಇಷ್ಟೇ. "ಒಬ್ಬರು ಟೀಚರಮ್ಮ ಓಡಿಸ್ತಿದ್ದ ಫ್ಯಾಮಿಲಿ ಕಾರು" ಅಂತ ಹೇಳಿ ನನ್ನ ತಲೆಗೆ ಕಟ್ಟಿದ್ದು ರಿಟೈರ್ ಆದ ಪೊಲೀಸ್ ಕಾರು. ಅದೂ ಎಂಥದ್ದು? ಸ್ಟೀರಿಂಗ್ ಒಳಗೆ ಬದಲಾಯಿಸದ, ಸಿಡಿದು ಚೂರು ಹಾರಿಸಬಹುದಾದ ತಕಾಟಾ ಕಂಪನಿಯ ಏರ್‌ಬ್ಯಾಗ್ ಇದ್ದದ್ದು, "ರಿಪೇರಿ ಆಗುವ ತನಕ ಓಡಿಸಲೇಬೇಡಿ" ಅಂತ ತಯಾರಿಸಿದ ಕಂಪನಿಯೇ ಎಚ್ಚರಿಕೆ ಕೊಟ್ಟಿದ್ದದ್ದು. ಅದರಲ್ಲಿ ನಾನು ನನ್ನ ಮಗಳನ್ನು ಕೂರಿಸಿಕೊಂಡು ಓಡಾಡಿದ್ದೀನಿ. ಇದನ್ನು ಟೈಪ್ ಮಾಡುವಾಗಲೂ ಕೈ ನಡುಗ್ತಿದೆ.

ಗಾಡಿ 2010ರ ಚಾರ್ಜರ್, 5.7 ಲೀಟರ್ ಹೆಮಿ (ಎಂಟು ಸಿಲಿಂಡರ್‌ನ ದೊಡ್ಡ) ಎಂಜಿನ್, ಓಡೋಮೀಟರ್‌ನಲ್ಲಿ 88 ಸಾವಿರ ಮೈಲಿ, ಬೆಲೆ ಹತ್ತು ಸಾವಿರ ಡಾಲರ್ ಒಳಗೆ. ಕಪ್ಪು ಬಣ್ಣ, ಹಿಂದೆ ಫಳಫಳ ಹೊಳೆಯುವ ಆರ್/ಟಿ (ಚಾರ್ಜರ್‌ನ ಜೋರು ಮಾಡೆಲ್) ಬ್ಯಾಡ್ಜ್. ನಾಲ್ಕು ಬಾಗಿಲು ಇರುವ ಮಸಲ್ ಕಾರು ಅಂದ್ರೆ ಮನೆಯವರನ್ನೂ ಒಪ್ಪಿಸಬಹುದು, ನಮ್ಮ ಆಸೆಯೂ ತೀರುತ್ತೆ, ಅದಕ್ಕೇ ನಮ್ಮವರೆಲ್ಲ ಚಾರ್ಜರ್ ಹಿಂದೆ ಬೀಳೋದು. ಸೇಲ್ಸ್‌ಮನ್ ಮಾತಿಗೊಮ್ಮೆ "ಬ್ರದರ್" ಅನ್ನುವ ಜಾತಿ. ಗಾಡಿ ಹಿಸ್ಟರಿ ರಿಪೋರ್ಟ್ ಕೇಳಿದೆ, ಪ್ರಿಂಟ್ ತೆಗೆದು ಕೈಗೆ ಕೊಟ್ಟ. ಆಕ್ಸಿಡೆಂಟ್ ಇಲ್ಲ, ಟೈಟಲ್ (ಮಾಲೀಕತ್ವದ ದಾಖಲೆ) ಕ್ಲೀನ್. ಅದು ಬರೀ ಮೊದಲನೇ ಪುಟ. ಯಾರ ಹೆಸರಲ್ಲಿತ್ತು, ಯಾವ ಬಳಕೆಗಿತ್ತು ಅನ್ನೋ ಪುಟಗಳನ್ನು ಇಟ್ಟುಕೊಂಡು ಒಂದೇ ಹಾಳೆ ಕೊಟ್ಟಿದ್ದಾನೆ ಕಳ್ಳ.

ಗೇರ್ ಲಿವರ್ ಸೀಟುಗಳ ಮಧ್ಯೆ ಇರಲಿಲ್ಲ, ಸ್ಟೀರಿಂಗ್ ಪಕ್ಕದಲ್ಲಿತ್ತು, ನಮ್ಮ ಹಳೇ ಅಂಬಾಸಿಡರ್ ಥರ. ಯಾಕೆ ಹೀಗೆ ಅಂತ ಕೇಳಿದೆ. "ಸ್ಪೆಷಲ್ ಆರ್ಡರ್ ಬ್ರದರ್, ಮಧ್ಯೆ ಜಾಗ ಜಾಸ್ತಿ ಸಿಗುತ್ತೆ, ಹುಡುಕಿದ್ರೂ ಸಿಗಲ್ಲ ಇಂಥದ್ದು." ಈಗ ಗೊತ್ತಾಗಿದೆ, ಪೊಲೀಸರು ಆ ಮಧ್ಯದ ಜಾಗದಲ್ಲಿ ರೇಡಿಯೋ, ಲ್ಯಾಪ್‌ಟಾಪ್ ಕೂರಿಸ್ಕೋತಾರೆ, ಅದಕ್ಕೇ ಅವರ ಗಾಡಿಗೆ ಲಿವರ್ ಮೇಲೆ. ಸ್ಪೆಷಲ್ ಆರ್ಡರ್ ಹೌದು, ಆರ್ಡರ್ ಮಾಡಿದವರು ಮಾತ್ರ ಟೀಚರಮ್ಮ ಅಲ್ಲ.

ಮಗಳು ಚೈಲ್ಡ್ ಸೀಟಲ್ಲಿ ಕೂರುವವಳು, ಅವಳ ಬಾಗಿಲನ್ನು ಯಾವಾಗಲೂ ನಾವೇ ಹೊರಗಿನಿಂದ ತೆಗೆಯೋದು. ಹಾಗಾಗಿ ಹಿಂದಿನ ಬಾಗಿಲ ಕಥೆ ಬಹಳ ದಿನ ಗೊತ್ತೇ ಆಗಲಿಲ್ಲ. ಹಾಸನದಿಂದ ನಮ್ಮ ಅತ್ತೆ ಬಂದರು. ಪೇರ್‌ಲ್ಯಾಂಡ್‌ನ ಮೀನಾಕ್ಷಿ ದೇವಸ್ಥಾನಕ್ಕೆ ಕರ್ಕೊಂಡು ಹೋದ್ವಿ. ನಾನು ಮುಂದೆ ಇಳಿದು ಮಗಳ ಕೈ ಹಿಡ್ಕೊಂಡು ಹೊರಟಿದ್ದೀನಿ, ಹಿಂದಿನಿಂದ ಗಾಜು ಬಡಿಯುವ ಸದ್ದು. "ಅಳಿಯಂದ್ರೇ, ಈ ಬಾಗ್ಲು ಬರ್ತಾನೇ ಇಲ್ವಲ್ಲ!" ಹಿಡಿ ಎಳೀತಾರೆ, ಸಡಿಲವಾಗಿ ಬರುತ್ತೆ, ಬಾಗಿಲು ತೆಗೆಯಲ್ಲ. ಗಾಜು ಇಳಿಸೋ ಬಟನ್ ಒತ್ತುತ್ತಾರೆ, ಇಳಿಯಲ್ಲ. ಆ ಕಡೆ ಬಾಗಿಲಿಗೆ ಸರಿದರು, ಅದೂ ಅಷ್ಟೇ. ಜೂನ್ ತಿಂಗಳ ಹ್ಯೂಸ್ಟನ್ ಬಿಸಿಲು, ಎಂಜಿನ್ ಆಫ್. ನಾನು ಓಡಿ ಬಂದು ಹೊರಗಿನಿಂದ ತೆಗೆದೆ. "ಒಳ್ಳೇ ಜೈಲಿಗೆ ಹಾಕ್ದಂಗಾಯ್ತು" ಅಂತ ಸೆರಗಲ್ಲಿ ಮುಖ ಒರೆಸ್ಕೊಂಡರು. ಅವರು ತಮಾಷೆಗೆ ಅಂದ ಮಾತೇ ನಿಜ ಅಂತ ಆಗ ನನಗೆ ಗೊತ್ತಿರಲಿಲ್ಲ.

ಸೇಲ್ಸ್‌ಮನ್‌ಗೆ ಮೆಸೇಜ್ ಹಾಕಿದೆ. "ಚೈಲ್ಡ್ ಲಾಕ್ ಬ್ರದರ್, ಬಾಗಿಲ ಅಂಚಲ್ಲಿ ಸಣ್ಣ ಬಟನ್ ಇರುತ್ತೆ, ತಿರುಗಿಸಿ." ತಿರುಗಿಸಿದೆ, ಏನೂ ಆಗಲಿಲ್ಲ. "ಹಾಗಾದ್ರೆ ಕೇಬಲ್ ಹೋಗಿರುತ್ತೆ, ಹಳೇ ಗಾಡಿ ಅಲ್ವಾ." ಎರಡೂ ಬಾಗಿಲಲ್ಲಿ ಒಟ್ಟಿಗೇ ಹೋಗುತ್ತಾ ಅಂದೆ. ಒಂದು ಥಂಬ್ಸ್ ಅಪ್ ಕಳಿಸಿದ. ಏನದರ ಅರ್ಥ? ಥಂಬ್ಸ್ ಅಪ್ ಅಂತೆ!

ಮನೆ ಹತ್ತಿರದ ಮೆಕ್ಸಿಕನ್ ಮೆಕ್ಯಾನಿಕ್ ಹತ್ರ ತಗೊಂಡು ಹೋದೆ. ಎಂಜಿನ್ನಿಂದ ಬೆಳಿಗ್ಗೆ ಟಿಕ್ ಟಿಕ್ ಅಂತ ಸದ್ದು ಬೇರೆ ಬರ್ತಿತ್ತು, ಎರಡನ್ನೂ ನೋಡಪ್ಪ ಅಂದೆ. ಅವನು ಬಾಗಿಲ ಒಳಪ್ಯಾನೆಲ್ ಬಿಚ್ಚಿ ಒಂದು ನಿಮಿಷ ನೋಡಿ ನಗೋಕೆ ಶುರು ಮಾಡಿದ. ಒಳಗಿನ ಹಿಡಿಯಿಂದ ಲಾಕ್‌ಗೆ ಹೋಗುವ ಕೊಂಡಿಯೇ ಇಲ್ಲ. ಮುರಿದಿಲ್ಲ ಸ್ವಾಮಿ, ಇಲ್ಲ. ಆಮೇಲೆ ಡ್ರೈವರ್ ಪಕ್ಕದ ವಿಂಡ್‌ಶೀಲ್ಡ್ ಕಂಬದ ಹತ್ತಿರ ಬಂದು ಬೆರಳಲ್ಲಿ ಸವರಿದ, ನನ್ನ ಬೆರಳನ್ನೂ ಹಿಡಿದು ಅಲ್ಲೇ ಇಡಿಸಿದ. ಪೇಂಟ್ ಕೆಳಗೆ ನಾಣ್ಯದಷ್ಟು ಅಗಲದ ಉಬ್ಬು. ಒಳಗಿನ ಟ್ರಿಮ್ ಕಿತ್ತರೆ ಕಂಬದಲ್ಲಿ ದುಂಡನೆ ತೂತು, ರಬ್ಬರ್ ಬಿರಡೆ ತುರುಕಿ ಹೊರಗಿನಿಂದ ಪುಟ್ಟಿ ಮೆತ್ತಿದ್ದಾರೆ. ಸ್ಪಾಟ್‌ಲೈಟ್ ಇದ್ದ ಜಾಗ. ಕಾರ್ಪೆಟ್ ಎತ್ತಿದರೆ ಕತ್ತರಿಸಿ ಕರೀ ಟೇಪ್ ಸುತ್ತಿದ ದಪ್ಪ ವೈರುಗಳ ಕಟ್ಟು. ಹಿಂದಿನ ಸೀಟು ಎತ್ತಿದರೆ ಅಡಿಯಲ್ಲಿ ಹಳದಿ ಮಾರ್ಕರ್‌ನಲ್ಲಿ ಜಂಕ್‌ಯಾರ್ಡ್‌ನವರು ಬರೆದ ಬೇರೆ ಯಾವುದೋ ಗಾಡಿಯ ನಂಬರು, ಅಂದ್ರೆ ಸೀಟೇ ಬೇರೆ ಗಾಡಿದು. "ಪೊಲೀಸ್ ಕಾರು ಸರ್. ಕಳ್ಳರನ್ನ ಕೂರಿಸೋ ಜಾಗ ಇದು, ಅದಕ್ಕೇ ಒಳಗಿಂದ ಬಾಗಿಲು ತೆಗೆಯಲ್ಲ."

ನಮ್ಮ ಅತ್ತೆಯವರನ್ನ ಕಳ್ಳರ ಜಾಗದಲ್ಲಿ ಕೂರಿಸಿ ದೇವಸ್ಥಾನಕ್ಕೆ ಕರ್ಕೊಂಡು ಹೋಗಿದ್ದೀನಿ ನಾನು. ಮನೇಲಿ ಇದನ್ನ ಹೇಗೆ ಹೇಳಲಿ? ಆಫೀಸಲ್ಲಿ ಎಲ್ಲರಿಗೂ ಆರ್/ಟಿ ಅಂತ ಫೋಟೋ ತೋರಿಸಿದ್ದೆ. ಆ ಬ್ಯಾಡ್ಜ್ ಕೂಡ ಅಂಟಿಸಿದ್ದು, ಉಗುರಲ್ಲಿ ಎಬ್ಬಿಸಿದರೆ ಡಬಲ್ ಟೇಪ್ ಸಮೇತ ಕೈಗೆ ಬಂತು.

ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ತೆಗೆದ. ಏಳು ಸಾವಿರ ಗಂಟೆಗೂ ಮೇಲೆ! 88 ಸಾವಿರ ಮೈಲಿಗೆ ಏಳು ಸಾವಿರ ಗಂಟೆ ಅಂದ್ರೆ ಗಂಟೆಗೆ ಹನ್ನೆರಡು ಮೈಲಿ ಚಿಲ್ಲರೆ. ನಮ್ಮನಿಮ್ಮಂಥವರ ಗಾಡಿ ಸರಾಸರಿ ಮೂವತ್ತು ಅಂತ ಇಟ್ಟುಕೊಂಡರೂ ಮೂರು ಸಾವಿರ ಗಂಟೆ ದಾಟಬಾರದು. ಉಳಿದದ್ದೆಲ್ಲ ರಸ್ತೆ ಬದಿಯಲ್ಲಿ ಏಸಿ ಹಾಕ್ಕೊಂಡು ನಿಂತಲ್ಲೇ ಓಡಿದ್ದು. ಪೊಲೀಸ್ ಗಾಡಿಗಳ ವಿಷಯದಲ್ಲಿ ಫೋರ್ಡ್ ಕಂಪನಿಯದ್ದೇ ಒಂದು ಲೆಕ್ಕ ಇದೆ, ಒಂದು ಗಂಟೆ ನಿಂತು ಓಡಿದರೆ ಸುಮಾರು 33 ಮೈಲಿ ಓಡಿದಷ್ಟು ಸವೆತ ಅಂತ. ಆ ಲೆಕ್ಕ ಹಾಕಿ ನೋಡಿ, ನಾನು ತಗೊಂಡದ್ದು ಎರಡು ಲಕ್ಷ ಮೈಲಿಯ ಎಂಜಿನ್. ಓಡೋಮೀಟರ್ ಸುಳ್ಳು ಹೇಳಿಲ್ಲ, ಅದಕ್ಕೇ ಈ ಮೋಸ ಸುಲಭವಾಗಿ ಸಿಕ್ಕಿಬೀಳಲ್ಲ. ಟಿಕ್ ಟಿಕ್ ಅಂದ್ರೆ ಎಂಜಿನ್ ಒಳಗೆ ವಾಲ್ವ್ ಎತ್ತುವ ಲಿಫ್ಟರ್ ಸವೆದಿದೆ, ಹಾಗೇ ಬಿಟ್ರೆ ಅದನ್ನು ತಳ್ಳುವ ಕ್ಯಾಮ್‌ಶಾಫ್ಟನ್ನೇ ತಿಂದುಹಾಕುತ್ತೆ ಅಂದ. ರಿಪೇರಿಗೆ ಅವನು ಹೇಳಿದ ಮೊತ್ತ ಇಲ್ಲಿ ಬರೆಯಲ್ಲ, ಹೊಟ್ಟೆ ಉರಿಯುತ್ತೆ.

ಇಷ್ಟೇ ಆಗಿದ್ರೆ ದುಡ್ಡು ಹೋಯ್ತು ಅಂತ ಬಾಯಿ ಮುಚ್ಕೊಂಡು ಇರ್ತಿದ್ದೆನೋ ಏನೋ. ಮೆಕ್ಯಾನಿಕ್ಕೇ ಕೇಳಿದ, "ಏರ್‌ಬ್ಯಾಗ್ ಬದಲಾಯಿಸಿದ್ದಾರಾ?" ಅಂತ. 17 ಅಕ್ಷರದ ವಿನ್ ನಂಬರನ್ನು (ಪ್ರತಿ ಗಾಡಿಗೂ ಇರುವ ಗುರುತಿನ ಸಂಖ್ಯೆ) ರಸ್ತೆ ಸುರಕ್ಷತಾ ಇಲಾಖೆ ಎನ್‌ಎಚ್‌ಟಿಎಸ್‌ಎ ಸೈಟಲ್ಲಿ ಹಾಕಿದೆ. ಬಂತು ನೋಡಿ: ತಕಾಟಾ, ರಿಪೇರಿ ಬಾಕಿ ಇದೆ, ಓಡಿಸಬೇಡಿ.

ತಕಾಟಾ ಹೆಸರು ಕೇಳಿರ್ತೀರಿ, ಆದರೆ ಹಳೇ ಸುದ್ದಿ ಅಂತ ಮರೆತಿರ್ತೀರಿ. ಆ ಏರ್‌ಬ್ಯಾಗ್ ಉಬ್ಬಿಸೋಕೆ ಅಮೋನಿಯಂ ನೈಟ್ರೇಟ್ ಬಳಸಿದ್ದರು. ವರ್ಷಗಟ್ಟಲೆ ಸೆಕೆ, ತೇವ ತಾಗಿ ಅದು ಹಾಳಾದರೆ, ಸಣ್ಣ ಡಿಕ್ಕಿಗೂ ಅತಿ ರಭಸದಲ್ಲಿ ಉರಿದು ಸುತ್ತಲಿನ ಲೋಹದ ಡಬ್ಬಿ ಸಿಡಿಯುತ್ತೆ, ಚೂರುಗಳು ಕುತ್ತಿಗೆಗೆ, ಮುಖಕ್ಕೆ ಹೊಡೆಯುತ್ತೆ. ಅಮೆರಿಕದಲ್ಲಿ ಸುಮಾರು 6.7 ಕೋಟಿ ಇನ್‌ಫ್ಲೇಟರ್‌ಗಳನ್ನು (ಏರ್‌ಬ್ಯಾಗ್ ಉಬ್ಬಿಸುವ ಆ ಡಬ್ಬಿಗಳು) ಬದಲಾಯಿಸೋಕೆ ವಾಪಸ್ ಕರೆದಿದ್ದಾರೆ, ಇದಕ್ಕೇ ರೀಕಾಲ್ ಅನ್ನೋದು, 2017ರಲ್ಲಿ ತಕಾಟಾ ಕಂಪನಿಯೇ ದಿವಾಳಿ ಎದ್ದಿತು. 2022ರ ನವೆಂಬರ್‌ನಲ್ಲಿ, 2010ರ ಚಾರ್ಜರ್ ಓಡಿಸ್ತಿದ್ದವರು ಸತ್ತ ಮೇಲೆ, 2005ರಿಂದ 2010ರ ತನಕದ ಚಾರ್ಜರ್, ಚಾಲೆಂಜರ್, ಮ್ಯಾಗ್ನಮ್, ಕ್ರೈಸ್ಲರ್ 300 ಇಟ್ಟುಕೊಂಡವರು ಏರ್‌ಬ್ಯಾಗ್ ಬದಲಾಯಿಸದೆ ಓಡಿಸಬಾರದು ಅಂತ ಗಾಡಿ ತಯಾರಿಸಿದ ಕಂಪನಿ ಹೇಳಿತು. ಅಂಥ ಗಾಡಿ ಆಗಲೂ 2 ಲಕ್ಷ 76 ಸಾವಿರ ಬಾಕಿ ಇದ್ದವು. ಅದರಲ್ಲೊಂದು ನನ್ನ ಗ್ಯಾರೇಜಲ್ಲಿ. ಸೆಕೆ ಮತ್ತು ತೇವ ಅಂದೆನಲ್ಲ, ಹ್ಯೂಸ್ಟನ್‌ಗಿಂತ ಬೇರೆ ಊರು ಬೇಕಾ? ಅತಿ ಹೆಚ್ಚು ಅಪಾಯದ ರಾಜ್ಯಗಳ ಪಟ್ಟಿಯಲ್ಲೇ ಟೆಕ್ಸಸ್ ಇದೆ.

ಸೇಲ್ಸ್‌ಮನ್‌ಗೆ ಫೋನ್ ಮಾಡಿದೆ. ಅವನ ಉತ್ತರ ಕೇಳಿ: "ರೀಕಾಲ್ ಕಂಪನಿದು ಬ್ರದರ್, ನಮ್ದಲ್ಲ. ಫ್ರೀಯಾಗಿ ಮಾಡ್ಕೊಡ್ತಾರೆ, ಖುಷಿ ಪಡಿ." ನಿನಗೆ ಗೊತ್ತಿತ್ತಾ ಇಲ್ವಾ ಹೇಳು ಅಂದೆ. "ನಾವು ಎಲ್ಲ ಗಾಡಿದೂ ನೋಡ್ತಾ ಕೂರೋಕಾಗುತ್ತಾ?" ಪೊಲೀಸ್ ಗಾಡಿ ಅಂತ ಯಾಕೆ ಹೇಳಲಿಲ್ಲ? "ನೀವು ಕೇಳಲಿಲ್ಲ." ಟೀಚರಮ್ಮ ಅಂದೆಯಲ್ಲಪ್ಪಾ! "ಹರಾಜಲ್ಲಿ ಹಾಗೆ ಹೇಳಿದ್ರು." ಕೊನೆಗೆ ಮ್ಯಾನೇಜರ್ ಬಂದು ಒಂದೇ ಮಾತು: ಕಿಟಕಿಗೆ ಅಂಟಿಸಿದ ಚೀಟಿಯಲ್ಲಿ "ಆಸ್ ಈಸ್" (ಇದ್ದದ್ದು ಇದ್ದ ಹಾಗೇ, ಗ್ಯಾರಂಟಿ ಇಲ್ಲ) ಅಂತ ಟಿಕ್ ಇದೆ, ನಿಮ್ಮ ಸಹಿ ಇದೆ.

ನನಗೆ ಇನ್ನೂ ನಂಬೋಕಾಗದ ಸಂಗತಿ ಏನಂದ್ರೆ, ಇಲ್ಲಿ ಬಾಡಿಗೆ ಕಾರಿನ ದೊಡ್ಡ ಕಂಪನಿಗಳು ರೀಕಾಲ್ ಬಾಕಿ ಇರುವ ಗಾಡಿಯನ್ನು ಬಾಡಿಗೆಗೆ ಕೊಡುವ ಹಾಗಿಲ್ಲ, 2016ರಿಂದ ಕೇಂದ್ರದ ಕಾನೂನೇ ಇದೆ. ಹೊಸ ಗಾಡಿಯನ್ನೂ ಹಾಗೆ ಮಾರುವ ಹಾಗಿಲ್ಲ. ಆದರೆ ಹಳೇ ಗಾಡಿ ಮಾರುವವನನ್ನು ತಡೆಯೋಕೆ ಅಂಥ ಕೇಂದ್ರ ಕಾನೂನಿಲ್ಲ. ಪ್ರಾಣ ತೆಗೆಯೋ ವಸ್ತು ಅಂತ ಗೊತ್ತಿದ್ದೂ ಮಾರಬಹುದು!

ತಮಾಷೆ ಇಲ್ಲಿಗೇ ಮುಗಿಯಲಿಲ್ಲ. "ಇದು ಬೇಡ ಅಂದ್ರೆ 2013ರದ್ದು ಒಂದಿದೆ, ವಿ6, ಎಂಟು ಗೇರ್, ಮೇಲೆ ನಾಲ್ಕು ಸಾವಿರ ಕೊಡಿ" ಅಂತ ಸೇಲ್ಸ್‌ಮನ್ ಆಫರ್ ಬೇರೆ ಕೊಟ್ಟ. ಈ ಸಲ ಕೂತು ಓದಿದೆ. 2011ರಿಂದ 2014ರ ಚಾರ್ಜರ್‌ಗಳಲ್ಲಿ ಕರೆಂಟ್ ಉತ್ಪಾದಿಸುವ 160 ಆಂಪಿಯರ್‌ನ ಆಲ್ಟರ್ನೇಟರ್ ಇದ್ದಕ್ಕಿದ್ದಂತೆ ಕೈಕೊಟ್ಟು ಗಾಡಿ ನಡುರಸ್ತೆಯಲ್ಲಿ ನಿಲ್ಲಬಹುದು ಅಂತ ರೀಕಾಲ್. 2012ರಿಂದ 2014ರವರೆಗೆ ಎಂಟು ಗೇರ್‌ನವುಗಳಲ್ಲಿ ಇನ್ನೊಂದು: ಗೇರ್ ಲಿವರ್ ಒತ್ತಿ ಬಿಟ್ಟ ತಕ್ಷಣ ಮಧ್ಯಕ್ಕೇ ವಾಪಸ್ ಬರುತ್ತೆ, ಪಾರ್ಕ್‌ಗೆ ಬಿತ್ತಾ ಇಲ್ವಾ ಅಂತ ಕೈಗೆ ಗೊತ್ತಾಗಲ್ಲ, ಜನ ಇಳಿದುಬಿಡ್ತಾರೆ, ಗಾಡಿ ಉರುಳುತ್ತೆ. 2016ರ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ ಇಂಥ 11 ಲಕ್ಷ ಗಾಡಿ ವಾಪಸ್ ಕರೆದರು. ಅದೇ ಜೂನ್‌ನಲ್ಲಿ ಯುವ ನಟ ಆಂಟನ್ ಯೆಲ್ಚಿನ್ ತನ್ನ ಮನೆ ಮುಂದೆಯೇ, ಅದೇ ರೀಕಾಲ್‌ಗೆ ಸೇರಿದ್ದ ಜೀಪ್ ಗ್ರ್ಯಾಂಡ್ ಚೆರೋಕಿ ಉರುಳಿ ಬಂದು ಸತ್ತ. ಅದಕ್ಕಿಂತ ಹೊಸದಾ? 2018ರಲ್ಲಿ ಕ್ರೂಸ್ ಕಂಟ್ರೋಲ್ (ಒಂದೇ ವೇಗದಲ್ಲಿ ತಾನಾಗೇ ಓಡಿಸುವ ಸೌಲಭ್ಯ) ಆಫ್ ಆಗದೇ ಇರಬಹುದು ಅಂತ 48 ಲಕ್ಷ ಗಾಡಿಗಳ ರೀಕಾಲ್, ಅದರಲ್ಲಿ ಚಾರ್ಜರೂ ಇದೆ. 2018ರಿಂದ 2021ರದ್ದಕ್ಕೆ ಪಕ್ಕದ ಏರ್‌ಬ್ಯಾಗ್ ಇನ್‌ಫ್ಲೇಟರ್ ಒಡೆಯಬಹುದು ಅಂತ 2024ರಲ್ಲಿ ಇನ್ನೊಂದು. ಹೆಲ್‌ಕ್ಯಾಟ್ (ಚಾರ್ಜರ್‌ನ ಅತಿ ಜೋರು ಮಾಡೆಲ್) ಕನಸು ಕಾಣ್ತಿರೋರಿಗೆ: ಅದು ಅಮೆರಿಕದ ಕಳ್ಳರ ಅಚ್ಚುಮೆಚ್ಚು, ಇನ್ಶೂರೆನ್ಸ್ ಕೋಟ್ ತೆಗೆಸಿ ನೋಡಿ, ಕನಸು ತಾನಾಗೇ ಇಳಿಯುತ್ತೆ.

ಇವೆಲ್ಲ ಕಂಪನಿಯವರೇ ಒಪ್ಪಿ ಉಚಿತವಾಗಿ ಸರಿ ಮಾಡಿಕೊಡುವಂಥವು, ಮಾಡಿಸಿದ್ದರೆ ತೊಂದರೆ ಇಲ್ಲ. ನನ್ನ ಏರ್‌ಬ್ಯಾಗ್ ಬದಲಾಯಿಸೋಕೂ ಒಂದು ಪೈಸೆ ಕೇಳಲಿಲ್ಲ, ಟೋ ಟ್ರಕ್ ಅವರೇ ಕಳಿಸಿದರು. ನನ್ನ ಸಿಟ್ಟು ಇರೋದು ಮಾಡಿಸದೇ ಮಾರುವ ಈ ಬ್ರದರ್‌ಗಳ ಮೇಲೆ.

ಆದ್ದರಿಂದ ದುಡ್ಡು ಕೊಡುವ ಮುಂಚೆ ಎನ್‌ಎಚ್‌ಟಿಎಸ್‌ಎ ಸೈಟಲ್ಲಿ ವಿನ್ ನಂಬರ್ ನೀವೇ ಹಾಕಿ ನೋಡಿ, ಅದಕ್ಕೆ ಎರಡು ನಿಮಿಷ, ಖರ್ಚಿಲ್ಲ. ಹಿಸ್ಟರಿ ರಿಪೋರ್ಟನ್ನ ಡೀಲರ್ ಕೈಯಿಂದ ತಗೋಬೇಡಿ, ನೀವೇ ದುಡ್ಡು ಕೊಟ್ಟು ತೆಗೀರಿ. ಹಿಂದಿನ ಸೀಟಲ್ಲಿ ಕೂತು ಬಾಗಿಲು ಹಾಕ್ಕೊಂಡು ಒಳಗಿನಿಂದ ತೆಗೆದು ನೋಡಿ, ನಗಬೇಡಿ, ನೋಡಿ. ಬಾಯಿಮಾತಲ್ಲಿ ಏನೇ ಹೇಳಿದರೂ "ಇದನ್ನೇ ಮೆಸೇಜ್ ಮಾಡಪ್ಪ" ಅನ್ನಿ. ಟೀಚರಮ್ಮನ ಕಥೆಯನ್ನು ಆ ಪುಣ್ಯಾತ್ಮ ಮೆಸೇಜಲ್ಲೂ ಬರೆದಿದ್ದ, ಈಗ ನನಗೆ ಅದೊಂದೇ ಆಧಾರ. ಆಸ್ ಈಸ್ ಅಂತ ಬರೆದರೂ ಸುಳ್ಳು ಹೇಳಿ ಮಾರಿದರೆ ಟೆಕ್ಸಸ್‌ನ ಗ್ರಾಹಕ ಕಾನೂನಿನಡಿ ಕೇಳಬಹುದು. ಮೊದಲು 60 ದಿನದ ನೋಟಿಸ್ ಕೊಡಬೇಕು, ಆಮೇಲೆ 20 ಸಾವಿರ ಡಾಲರ್ ತನಕ ಜಸ್ಟಿಸ್ ಕೋರ್ಟಲ್ಲೇ (ಸಣ್ಣ ದಾವೆಗಳ ಕೋರ್ಟು) ಕೇಸು ಹಾಕಬಹುದು. ನಾನು ನೋಟಿಸ್ ಕೊಟ್ಟಿದ್ದೀನಿ, ರಾಜ್ಯದ ಮೋಟಾರ್ ವಾಹನ ಇಲಾಖೆಗೂ ದೂರು ಹಾಕಿದ್ದೀನಿ.

ನೋಟಿಸ್ ತಲುಪಿದ ದಿನ ಅವನ ಮೆಸೇಜ್ ಬಂತು: "ಬ್ರದರ್, ಇಷ್ಟಕ್ಕೆಲ್ಲ ಯಾಕೆ, ಬನ್ನಿ ಕೂತು ಮಾತಾಡೋಣ, ಬಾಗಿಲು ಸರಿ ಮಾಡ್ಕೊಡ್ತೀವಿ." ಬಾಗಿಲಂತೆ! ಆ ಡೀಲರ್ ಲಾಟಲ್ಲಿ (ಮಾರೋ ಗಾಡಿ ನಿಲ್ಲಿಸೋ ಜಾಗ) ಮೊನ್ನೆ ಇನ್ನೂ ಎರಡು ಕಪ್ಪು ಚಾರ್ಜರ್ ನಿಂತಿದ್ದವು, ಎರಡಕ್ಕೂ ಲಿವರ್ ಸ್ಟೀರಿಂಗ್ ಪಕ್ಕದಲ್ಲೇ. ಈ ಕಡೆ ಯಾರಾದರೂ ಚಾರ್ಜರ್ ನೋಡೋಕೆ ಹೊರಟಿದ್ದರೆ ನನಗೊಂದು ಮೆಸೇಜ್ ಹಾಕಿ, ಯಾವ ಲಾಟ್ ಅಂತ ಖಾಸಗಿಯಾಗಿ ಹೇಳ್ತೀನಿ. ಬೇಕಾದ್ರೆ ಶನಿವಾರ ನಾನೇ ಜೊತೆಗೆ ಬರ್ತೀನಿ, ಆ ಕಂಬದ ಉಬ್ಬು ಎಲ್ಲಿರುತ್ತೆ ಅಂತ ನನಗೀಗ ಕಣ್ಣು ಮುಚ್ಚಿದ್ರೂ ಗೊತ್ತು.