ಹೈಬ್ರಿಡ್ ಕಾರಿನ ಮೈಲೇಜ್: ಗಿರಿ ಇಳಿಯುವಾಗ ಡಿ ಮೇಲೋ, ಬಿ ಮೇಲೋ?

ಹೊಸ ಹೈಬ್ರಿಡ್ ಕಾರು ತಂದವರಿಗೆ ಸಲಹೆ ಕೊಡೋರಿಗೇನೂ ಬರ ಇಲ್ಲ. ಇಕೋ ಮೋಡ್ ಹಾಕು, ಬರೀ ಬ್ಯಾಟರಿಯಲ್ಲಿ ಓಡಿಸೋ ಇವಿ ಬಟನ್ ಒತ್ತು, ಇಳಿಜಾರಲ್ಲಿ ಗೇರ್ ಲಿವರನ್ನು ಮಾಮೂಲಿ ಓಟದ ಡಿಯಿಂದ ತೆಗೆದು ಎಂಜಿನ್ನಿನಿಂದಲೂ ವೇಗ ತಗ್ಗಿಸೋ ಬಿಗೆ ಹಾಕು, ಹೈವೇಲಿ ಕಟ್ಟಿದ ವೇಗ ತಾನೇ ಕಾಯ್ದುಕೊಳ್ಳೋ ಕ್ರೂಸ್‌ಗೆ ಬಿಟ್ಟುಬಿಡು. ನನ್ನದು ಟೊಯೊಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ ಎರಡರಲ್ಲೂ ಬರುವ ಅದೇ 1.5 ಲೀಟರಿನ, ಮೂರು ಸಿಲಿಂಡರಿನ ಸ್ಟ್ರಾಂಗ್ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಇಲ್ಲದೆ ಒಂದಷ್ಟು ದೂರ ಬರೀ ಮೋಟಾರಿನಲ್ಲೂ ಓಡಬಲ್ಲದ್ದು. ಕಾಗದದ ಮೇಲಿನ ಮೈಲೇಜ್ ಲೀಟರಿಗೆ 27.97 ಕಿ.ಮೀ. ಅದು ಪ್ರಯೋಗಾಲಯದ ರೋಲರ್ ಮೇಲೆ ಬಂದ ಅಂಕಿ. ಅಲ್ಲಿ ಏರು-ತಗ್ಗು, ಹಂಪ್, ಮಲೆನಾಡಿನ ಮಳೆ ಯಾವುದೂ ಇರೋದಿಲ್ಲ. ಹಾಗಾಗಿ ಈ ಸಲಹೆಗಳನ್ನೆಲ್ಲ ಎದುರುಬದುರು ಇಟ್ಟು ಹಾಸನ–ಚಿಕ್ಕಮಗಳೂರಿನ ರಸ್ತೆಗಳಲ್ಲೇ ಓಡಿಸಿ ನೋಡಿದೆ. ಹಾಸನದ ಭಾಮೈದ ಬಹಳಷ್ಟು ಸಲ ಪಕ್ಕದ ಸೀಟಿನಲ್ಲಿದ್ದ, ಹೆಚ್ಚುಪಾಲು ನನ್ನ ಎದುರು ಪಕ್ಷದಲ್ಲಿ.

ಅಳತೆ ಸರಿಯಿಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಪ್ರತಿ ಸಲ ಟ್ಯಾಂಕ್ ತುಂಬಿಸುವಾಗ ಅದೇ ಬಂಕ್, ಅದೇ ಪಂಪ್, ಆಟೋ ಕಟ್ ಆದ ಕೂಡಲೇ ನಿಲ್ಲಿಸಬೇಕು. ಆದರೆ ಬಂಕಿನ ಹುಡುಗ "ರೌಂಡ್ ಫಿಗರ್ ಮಾಡ್ಲಾ ಸಾರ್?" ಅಂತ ಕೇಳಿ, ನಾವು ಬೇಡ ಅನ್ನುವಷ್ಟರಲ್ಲಿ ಇನ್ನೆರಡು ಸಲ ಒತ್ತಿರುತ್ತಾನೆ. ಅರ್ಧ ಟ್ಯಾಂಕಿನ ಲೆಕ್ಕದಲ್ಲಿ ಒಂದು ಲೀಟರ್ ಹೆಚ್ಚುಕಮ್ಮಿಯಾದರೆ ಮೈಲೇಜಿನ ಅಂಕಿ ಒಂದು ಕಿಲೋಮೀಟರ್ ಆಚೀಚೆ ಆಗುತ್ತದೆ. ಇಕೋಗೂ ನಾರ್ಮಲ್‌ಗೂ ಇರುವ ವ್ಯತ್ಯಾಸವೇ ಅಷ್ಟಿಲ್ಲ!

ನಮ್ಮ ದೊಡ್ಡ ಜಗಳ ನಡೆದದ್ದು ಇಳಿಜಾರಿನ ಬಗ್ಗೆ. "ಬಿ ಹಾಕ್ಕೊಂಡ್ ಇಳೀರಿ ಭಾವ, ಅದನ್ನ ಕೊಟ್ಟಿರೋದೇ ಇದಕ್ಕೆ" ಅನ್ನೋದು ಭಾಮೈದನ ವಾದ. ನನ್ನದು ಡಿ. ಡಿಯಲ್ಲಿಟ್ಟು ಬ್ರೇಕ್ ಪೆಡಲನ್ನು ಮೆಲ್ಲಗೆ, ಮುಂಚಿತವಾಗಿಯೇ ಒತ್ತಿದರೆ ಮೊದಲು ಗಾಡಿ ಹಿಡಿಯುವುದು ಬ್ರೇಕ್ ಪ್ಯಾಡ್ ಅಲ್ಲ, ಮೋಟಾರು. ಅದು ಜನರೇಟರಿನ ಕೆಲಸ ಮಾಡಿ ಬ್ಯಾಟರಿಗೆ ಕರೆಂಟ್ ಕಳಿಸುತ್ತದೆ. ಗಕ್ಕನೆ ಒತ್ತಿದರೆ ಪ್ಯಾಡ್ ಕಚ್ಚಿ ಆ ಶಕ್ತಿಯೆಲ್ಲ ಬರೀ ಬಿಸಿಯಾಗಿ ಹೋಗುತ್ತದೆ. ಬಿಯಲ್ಲಿ ಮೋಟಾರಿನ ಜೊತೆ ಎಂಜಿನ್ನೂ ಪೆಟ್ರೋಲ್ ಇಲ್ಲದೆ ತಿರುಗಿ ವೇಗ ತಗ್ಗಿಸುತ್ತದೆ. ಹಾಗೆ ತಿರುಗಿಸಲು ಹೋದ ಶಕ್ತಿ ಬ್ಯಾಟರಿಗೆ ಸೇರೋದಿಲ್ಲ. ಬೇಲೂರು ರಸ್ತೆಯ ಸಣ್ಣಪುಟ್ಟ ಇಳಿತಗಳಲ್ಲಿ ಇದು ಚೆನ್ನಾಗಿಯೇ ಗೊತ್ತಾಯಿತು. ಡಿಯಲ್ಲಿ ಇಳಿದರೆ ಸ್ಕ್ರೀನಿನ ಮೇಲೆ ಚಕ್ರದಿಂದ ಬ್ಯಾಟರಿಯ ಕಡೆಗೆ ಬಾಣ ಓಡುತ್ತಿರುತ್ತದೆ, ಮುಂದಿನ ಏರು ಶುರುವಾದಾಗ ಅದೇ ಕರೆಂಟಿನಲ್ಲಿ ಒಂದಷ್ಟು ದೂರ ಎಂಜಿನ್ ಸುಮ್ಮನಿರುತ್ತದೆ. ಇಲ್ಲಿ ನನ್ನ ಡಿಗೇ ಗೆಲುವು.

ಗಿರಿಯ ಇಳಿತ ಬೇರೆ ಲೆಕ್ಕ. ಮುಳ್ಳಯ್ಯನಗಿರಿ 1,930 ಮೀಟರ್, ಕೆಳಗೆ ಚಿಕ್ಕಮಗಳೂರು ಸುಮಾರು 1,090. ಕಾರು ಹೋಗುವ ಜಾಗದಿಂದ 600 ಮೀಟರ್ ಇಳಿತ ಅಂತಿಟ್ಟುಕೊಂಡರೂ, ಜನರೂ ಸೇರಿ ಒಂದೂವರೆ ಟನ್ ತೂಗುವ ಗಾಡಿಯಿಂದ ಸುಮಾರು ಎರಡೂವರೆ ಯೂನಿಟ್ ಶಕ್ತಿ ಬಿಡುಗಡೆಯಾಗುತ್ತದೆ. ಗಾಳಿಗೆ, ಟೈರಿಗೆ ಒಂದಷ್ಟು ಹೋಗಲಿ. ಉಳಿದದ್ದನ್ನು ಹಿಡಿಯಲು ಇರುವ ಬ್ಯಾಟರಿ 0.76 ಯೂನಿಟ್ಟಿನದು, ಅದನ್ನೂ ಕಾರು ಪೂರ್ತಿ ತುಂಬಿಸಿ ಪೂರ್ತಿ ಖಾಲಿ ಮಾಡೋದಿಲ್ಲ. ಜಡಿಮಳೆಗೆ ಚೊಂಬು ಹಿಡಿದ ಹಾಗೆ! ಗಿರಿಯ ಕೆಳಗಿನ ಕೈಮರ ಬರುವ ಎಷ್ಟೋ ಮೊದಲೇ ಬ್ಯಾಟರಿಯ ಗೆರೆಗಳು ತುಂಬಿದವು. ಅಲ್ಲಿಂದ ಮುಂದೆ ಡಿಯಲ್ಲಿದ್ದರೂ ಎಂಜಿನ್ ತಾನಾಗಿ ಗುರ್ ಅನ್ನತೊಡಗಿತು. ಕೆಟ್ಟಿದೆಯೇನೋ ಅಂತ ಗಾಬರಿ ಬೀಳುವಂಥದ್ದೇನಿಲ್ಲ, ಹಿಡಿಯಲಾಗದ ಶಕ್ತಿಯನ್ನು ಕಾರು ಹಾಗೆ ಕಳೆಯುತ್ತಿದೆ, ಅಷ್ಟೇ. ಇನ್ನು ಡಿಯಲ್ಲಿ ಮೈಲೇಜಿಗೆ ಸಿಗುವುದು ಏನೂ ಇಲ್ಲ, ಬ್ರೇಕ್ ಮಾತ್ರ ಬಿಸಿಯಾಗುತ್ತದೆ. ಇಲ್ಲಿ ಭಾಮೈದನ ಬಿಯೇ ಸರಿ. ಚಾರ್ಮಾಡಿ, ಶಿರಾಡಿಗೂ ಇದೇ ಮಾತು. ಇನ್ನೊಂದು ವಿಷಯ: ಮೇಲೆ ಹೋಗಿ ಎಸಿ ಹಾಕಿಕೊಂಡು ಗಾಡಿಯಲ್ಲೇ ಕೂತರೆ ಎಂಜಿನ್ ಆಗಾಗ ಎದ್ದು ಪೆಟ್ರೋಲ್ ಸುಟ್ಟು ಬ್ಯಾಟರಿ ತುಂಬಿಸುತ್ತದೆ. ಇಳಿಯುವಾಗ ಬಿಟ್ಟಿಯಾಗಿ ಸಿಗೋ ಕರೆಂಟಿಗೆ ಆಮೇಲೆ ಜಾಗವೇ ಇರೋದಿಲ್ಲ. ಆಫ್ ಮಾಡಿ ಇಳಿದು ಗಾಳಿ ಕುಡಿಯೋದು ವಾಸಿ.

ಕ್ರೂಸ್ ಕಂಟ್ರೋಲಿನದು ರಸ್ತೆ ನೋಡಿ ಹೇಳಬೇಕಾದ ಮಾತು. ಹಾಸನದಿಂದ ಬೆಂಗಳೂರಿನ ಕಡೆ ನಾಲ್ಕು ಪಥದಲ್ಲಿ 80ಕ್ಕೆ ಕಟ್ಟಿ ಬಿಟ್ಟರೆ ನನ್ನ ಕಾಲಿಗಿಂತ ಅದೇ ಮೇಲು. ಅಲ್ಲಿ 100ಕ್ಕೆ ಏರಿಸಿದರೆ ಮಾತ್ರ ಗಾಳಿಯ ತಡೆ ಒಂದೂವರೆ ಪಟ್ಟು ದಾಟುತ್ತದೆ, ಯಾವ ಮೋಡ್ ಹಾಕಿದರೂ ಮೈಲೇಜ್ ನಿಲ್ಲೋದಿಲ್ಲ. ಹಾಸನ–ಹಗರೆ–ಬೇಲೂರು ರಸ್ತೆಯಲ್ಲಿ ಕ್ರೂಸ್ ಸೋಲುತ್ತದೆ. ಏರು ಬಂದಾಗ ಕಟ್ಟಿದ ವೇಗ ಕಾಯ್ದುಕೊಳ್ಳಲು ಅದು ಎಂಜಿನ್ ಒದರಿಸುತ್ತದೆ. ಕಾಲಲ್ಲಾದರೆ ಏರಿನಲ್ಲಿ ಸ್ವಲ್ಪ ವೇಗ ಬಿಟ್ಟುಕೊಟ್ಟು ಇಳಿತದಲ್ಲಿ ವಸೂಲಿ ಮಾಡಬಹುದು. ನನಗೆ ಕ್ರೂಸಿನಲ್ಲಿ 22ರ ಆಸುಪಾಸು, ಕಾಲಲ್ಲಿ 24 ದಾಟಿ ಬಂತು.

ಇಕೋ, ನಾರ್ಮಲ್‌ ಬಗ್ಗೆ ಹೆಚ್ಚು ಹೇಳೋಕೆ ಏನಿಲ್ಲ. ಇಕೋ ಆಕ್ಸಿಲರೇಟರನ್ನು ಮೆತ್ತಗೆ ಮಾಡಿ ಎಸಿಯನ್ನು ಸ್ವಲ್ಪ ತಗ್ಗಿಸುತ್ತದೆ. ಮೊದಲೇ ಮೆಲ್ಲಗೆ ಓಡಿಸೋರಿಗೆ ಎರಡೂ ಒಂದೇ. ಮಳೆಗಾಲದಲ್ಲಿ ಮುಂದಿನ ಗಾಜಿಗೆ ಮಂಜು ಕಟ್ಟಿದಾಗ ನಾನಂತೂ ನಾರ್ಮಲ್‌ಗೇ ಬರುತ್ತೇನೆ, ರಸ್ತೆ ಕಾಣೋದು ಮುಖ್ಯ.

ಇವಿ ಬಟನ್ ನೋಡೋಕೆ ಚೆಂದ. ಆದರೆ ಈ ಕಾರಿಗೆ ಪ್ಲಗ್ ಇಲ್ಲ. ಇಳಿಜಾರು, ಬ್ರೇಕಿನಿಂದ ಬರೋದು ಕೂಡ ಮೂಲದಲ್ಲಿ ನಮ್ಮದೇ ಪೆಟ್ರೋಲಿನ ಶಕ್ತಿ. ಚಿಕ್ಕಮಗಳೂರಿನ ಆಜಾದ್ ಪಾರ್ಕ್ ವೃತ್ತದಿಂದ ಎಂ.ಜಿ. ರಸ್ತೆಯುದ್ದಕ್ಕೂ ಬಟನ್ ಒತ್ತಿ ಸದ್ದಿಲ್ಲದೆ ಹೋದೆ. ಮುಂದಿನ ಏರಿನಲ್ಲೇ ಎಂಜಿನ್ ಎದ್ದು ಎರಡು ಪಾಲು ದುಡಿದು ಬ್ಯಾಟರಿಗೆ ಸಾಲ ತೀರಿಸಿತು. ಯಾವಾಗ ಕರೆಂಟ್, ಯಾವಾಗ ಪೆಟ್ರೋಲ್ ಅನ್ನೋ ಲೆಕ್ಕ ಕಾರಿನ ಕಂಪ್ಯೂಟರಿಗೇ ಬಿಟ್ಟಾಗ ಮೈಲೇಜ್ ಮೇಲಾಯಿತು. ರಾತ್ರಿ ಗ್ಯಾರೇಜಿನಿಂದ ಯಾರ ನಿದ್ದೆಯೂ ಕೆಡದ ಹಾಗೆ ಗಾಡಿ ತೆಗೆಯೋಕೆ ಮಾತ್ರ ಆ ಬಟನ್ ಇರಲಿ.

ಇವೆಲ್ಲಕ್ಕಿಂತ ದೊಡ್ಡ ಅಂತರ ಕಂಡದ್ದು ಯಾರೂ ಸಲಹೆ ಕೊಡದ ಜಾಗದಲ್ಲಿ. ಡಿಸೆಂಬರ್ ಬೆಳಗ್ಗೆ ತಣ್ಣಗಿನ ಎಂಜಿನ್ ತನ್ನನ್ನೂ ಸೈಲೆನ್ಸರ್ ಕಡೆಯ ಹೊಗೆ ಶುದ್ಧಿ ಮಾಡೋ ಭಾಗವನ್ನೂ ಬಿಸಿ ಮಾಡಿಕೊಳ್ಳಲು, ಬ್ಯಾಟರಿ ತುಂಬಿದ್ದರೂ ಓಡಿಯೇ ಓಡುತ್ತದೆ. ಬೆಳಗ್ಗೆ ಹಾಲಿಗೆ, ಒಂಬತ್ತಕ್ಕೆ ತರಕಾರಿಗೆ, ಹನ್ನೊಂದಕ್ಕೆ ಬ್ಯಾಂಕಿಗೆ ಅಂತ ಬಿಡಿಬಿಡಿಯಾಗಿ ತೆಗೆದ ವಾರಗಳಲ್ಲಿ ಮೈಲೇಜ್ 17ಕ್ಕೆ ಇಳಿಯಿತು. ಅದೇ ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಿದಾಗ 21ಕ್ಕೆ ಬಂತು. ಹಾಲಿನ ಬೂತಿಗೆ ಈಗ ಸ್ಕೂಟರ್ ತೆಗೆಯುತ್ತೇನೆ.