ಯಾದಗಿರಿ ಕೋಟೆ ಗುಡ್ಡ: ಮೇ ತಿಂಗಳಲ್ಲಿ ಸಂಜೆ ಹತ್ತುವುದೋ, ನಸುಕಿನಲ್ಲಿ ಹತ್ತುವುದೋ?

ಕಲಬುರಗಿಯ ನೆಲ ಕರಿಮಣ್ಣು ಮತ್ತು ಶಹಾಬಾದಿ ಫರ್ಸಿಯದು, ಬೀದರದ್ದು ಜಂಬಿಟ್ಟಿಗೆಯ ಸಮತಟ್ಟಾದ ಎತ್ತರ. ಗ್ರಾನೈಟ್ ಬಂಡೆಗಳು ಒಂದರ ಮೇಲೊಂದು ಪೇರಿಸಿದಂತೆ ನಿಂತಿರುವ ಗುಡ್ಡದ ತುದಿ ಕಾಣಬೇಕೆಂದರೆ ನಮ್ಮ ಭಾಗದವರು ಯಾದಗಿರಿಯತ್ತ ಹೋಗುವುದೇ ಸುಲಭ. ಊರಿನ ನೆತ್ತಿಯ ಮೇಲೆಯೇ ಇರುವ ಅಲ್ಲಿನ ಕೋಟೆ ಗುಡ್ಡ ಸುಮಾರು 100 ಮೀಟರ್ ಎತ್ತರದ್ದು. ಮಲೆನಾಡಿನವರ ಕಣ್ಣಿಗೆ ಇದು ಚಿಕ್ಕದೆನಿಸಬಹುದು, ಆದರೆ ಮೇ ತಿಂಗಳ ಬಿಸಿಲಿನಲ್ಲಿ ಈ 100 ಮೀಟರನ್ನು ಹಗುರವಾಗಿ ಎಣಿಸುವವರು ಅದನ್ನು ಹತ್ತಿದವರಲ್ಲ ಎಂದೇ ನಾನು ಹೇಳುತ್ತೇನೆ.

ಬೇಸಿಗೆಯೇ ಏಕೆ ಎಂದು ಕೇಳಿದವರಿದ್ದಾರೆ. ಯಾದಗಿರಿಯಲ್ಲಿ ಪ್ರೌಢಶಾಲೆಯ ಶಿಕ್ಷಕನಾಗಿರುವ ನನ್ನ ಗೆಳೆಯನಿಗೆ ರಜೆ ಸಿಗುವುದು ಆಗಲೇ; ಬಿಸಿಲಿನ ಕಾರಣಕ್ಕೆ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದರಿಂದ ನನಗೂ ಮಧ್ಯಾಹ್ನ ಬಿಡುವಾಗುತ್ತದೆ. ಊಟ ಮಾಡಿ ಕಲಬುರಗಿಯಲ್ಲಿ ರೈಲು ಹಿಡಿದರೆ ವಾಡಿ ದಾಟಿ ಸಂಜೆಯೊಳಗೆ ಯಾದಗಿರಿ ತಲುಪಬಹುದು. ಹೀಗಾಗಿ ಮೊದಲಿನಿಂದಲೂ ನಾನು ಸಂಜೆಯ ಪಕ್ಷ, ಗೆಳೆಯ ನಸುಕಿನ ಪಕ್ಷ. ವಾದ ಮುಗಿಯುವಂತೆ ಕಾಣದಿದ್ದಾಗ, ಕಳೆದ ಮೇ ತಿಂಗಳಲ್ಲಿ ಅದೇ ದಾರಿಯನ್ನು ಎರಡು ಸಲ ಸಂಜೆ, ಎರಡು ಸಲ ನಸುಕಿನಲ್ಲಿ ಹತ್ತಿ ನೋಡುವುದೆಂದು ಗೊತ್ತುಮಾಡಿಕೊಂಡೆವು. ಗೋಡೆಗೆ ತೂಗುಹಾಕುವ ಸಾಧಾರಣ ತಾಪಮಾಪಕವೊಂದು ಗೆಳೆಯನ ಮನೆಯಲ್ಲಿತ್ತು, ಅದನ್ನೂ ಚೀಲಕ್ಕೆ ಹಾಕಿಕೊಂಡೆವು.

ಮೊದಲ ಸಂಜೆ 5 ಗಂಟೆಗೆ ಹೊರಟೆವು. ಗಾಳಿಯ ಬಿಸಿ ಏರುವಷ್ಟು ಏರಿ ಇಳಿಯತೊಡಗುವ ಹೊತ್ತದು, ಬಿಸಿಲು ಓರೆಯಾಗಿತ್ತು, ಬಾಗಿಲಿನ ಕಮಾನಿನ ಕೆಳಗೆ ನೆರಳೂ ಇತ್ತು. ಇನ್ನೇನು ಬೇಕು ಎಂದುಕೊಂಡೆ. ಎರಡೂ ಕಡೆ ಬಂಡೆಗಳು ಒತ್ತಿ ನಿಂತಿರುವ ತಿರುವಿಗೆ ಬಂದಾಗ ಮಾತ್ರ ಮುಖಕ್ಕೂ ಬೆನ್ನಿಗೂ ಏಕಕಾಲಕ್ಕೆ ಝಳ ಹೊಡೆಯಿತು. ಅಲ್ಲಿ ಬಿಸಿಲೇ ಇರಲಿಲ್ಲ. ರೊಟ್ಟಿ ಬೇಯಿಸಿ ಕೆಳಗಿಳಿಸಿದ ಹಂಚಿನ ಪಕ್ಕ ಕೂತಾಗ ಬರುವಂಥ ಕಾವು ಅದು.

"ಕಲ್ಲಿಗೆ ಕೈ ಇಟ್ಟು ನೋಡಲೇ ದೋಸ್ತ," ಎಂದ ಗೆಳೆಯ. ಇಟ್ಟ ಕೈಯನ್ನು ಐದು ಎಣಿಸುವುದರೊಳಗೆ ತೆಗೆದೆ. ನೆರಳಿನಲ್ಲಿ ಹಿಡಿದಾಗ ತಾಪಮಾಪಕ 40 ಡಿಗ್ರಿ ತೋರಿಸಿತು. ಆಗಷ್ಟೇ ಬಿಸಿಲು ಸರಿದಿದ್ದ ಬಂಡೆಗೆ ಒರಗಿಸಿಟ್ಟಾಗ ಅದರ ಕೆಂಪು ಗೆರೆ ಏರುತ್ತ ಹೋಗಿ, ಕೊನೆಯ ಅಂಕಿಯಾದ 50ಕ್ಕೆ ಮುಟ್ಟಿ ಅಲ್ಲಿಯೇ ನಿಂತಿತು. ಸೂರ್ಯ ಮುಳುಗಿದ ಮೇಲೆ, 7 ಗಂಟೆಗೆ, ಮೇಲಿನ ಒಂದು ಬಂಡೆಯ ಮೇಲೆ ಮತ್ತೆ ಇಟ್ಟು ನೋಡಿದರೆ ಇನ್ನೂ 43 ಇತ್ತು.

ಇದರಲ್ಲಿ ಅಚ್ಚರಿಯೇನಿಲ್ಲವೆಂದು ಆಮೇಲೆ ಹೊಳೆಯಿತು. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2,700 ಕಿಲೋ ತೂಗುತ್ತದೆ. ಅಷ್ಟು ದೊಡ್ಡ ರಾಶಿ ಬೆಳಗಿನಿಂದ ಕುಡಿದ ಬಿಸಿಯನ್ನು ಸೂರ್ಯ ಮುಳುಗಿದ ಕೂಡಲೇ ಬಿಟ್ಟುಕೊಡುವುದಿಲ್ಲ, ರಾತ್ರಿಯೆಲ್ಲ ನಿಧಾನವಾಗಿ ಉಗುಳುತ್ತ ಹೋಗಿ ಸೂರ್ಯ ಹುಟ್ಟುವ ಹೊತ್ತಿಗೆ ತಕ್ಕಮಟ್ಟಿಗೆ ತಣಿಯುತ್ತದೆ. ಸಂಜೆ ಮಾಳಿಗೆಗೆ ನೀರು ಚಿಮುಕಿಸದೆ ಹಾಸಿಗೆ ಹಾಸುವವರು ನಮ್ಮಲ್ಲಿ ಯಾರೂ ಇಲ್ಲ. ಮನೆಯಲ್ಲಿ ದಿನವೂ ಮಾಡುವ ಈ ಲೆಕ್ಕವನ್ನು ಗುಡ್ಡಕ್ಕೆ ಹೊರಡುವಾಗ ನಾನು ಮರೆತಿದ್ದೆ, ಫೋನಿನಲ್ಲಿ ಕಾಣುವ ಗಾಳಿಯ ಉಷ್ಣತೆಯನ್ನಷ್ಟೇ ನೋಡಿ ಹೊತ್ತು ಗೊತ್ತುಮಾಡಿದ್ದೆ.

ನಸುಕಿನ ಹತ್ತಿಕೆಗೆ ಹಿಂದಿನ ರಾತ್ರಿ ಗೆಳೆಯನ ಮನೆಯಲ್ಲಿ ಉಳಿಯಬೇಕಾಯಿತು. ಕಲಬುರಗಿಯಿಂದ ಬರುವವರಿಗೆ ಈ ಆಯ್ಕೆಯ ದೊಡ್ಡ ತೊಡಕು ಇದೊಂದೇ. ಮೇ ನಡುವಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಸುಮಾರು 5.50ಕ್ಕೆ. ನಾವು 4.50ಕ್ಕೆ ಬುಡದಲ್ಲಿದ್ದೆವು. ಅದೇ ತಿರುವಿನ ಅದೇ ಬಂಡೆಯ ಮೇಲೆ ತಾಪಮಾಪಕ 31 ತೋರಿಸಿತು, ಗಾಳಿಯಲ್ಲಿ 28. ಅಂಗೈ ಒತ್ತಿ ಹಿಡಿದರೂ ಉಗುರುಬೆಚ್ಚಗಿನ ಹಿತವಷ್ಟೇ. ಹಿಂದಿನ ವಾರ ಮುಟ್ಟಲಾರದೆ ಬಿಟ್ಟಿದ್ದ ಬಂಡೆಗಳನ್ನು ಇಂದು ಎರಡೂ ಕೈಯಿಂದ ಹಿಡಿದು, ಕಾಲಿಗೆ ಆಸರೆ ಹುಡುಕಿಕೊಂಡು ಹತ್ತಿದೆವು. ಕೈಗೆ ಕಲ್ಲು ದಕ್ಕುವುದು ಎಷ್ಟು ದೊಡ್ಡ ಅನುಕೂಲವೆಂಬುದು ಸಡಿಲ ಜಲ್ಲಿಯ ಮೇಲೆ ಜಾರಿದವರಿಗೆ ಗೊತ್ತು. ಸಂಜೆ ತುದಿ ತಲುಪಲು ನಾಲ್ಕು ಕಡೆ ಕೂತು 65 ನಿಮಿಷ ತೆಗೆದುಕೊಂಡಿದ್ದ ನಾವು ನಸುಕಿನಲ್ಲಿ ಒಂದೇ ಸಲ ಕೂತು 40 ನಿಮಿಷದಲ್ಲಿ ಮೇಲಿದ್ದೆವು.

ನೀರಿನ ಲೆಕ್ಕವೂ ಹಾಗೆಯೇ ಬಂತು: ಸಂಜೆ ಇಬ್ಬರಿಗೆ 5 ಲೀಟರ್ ಸಾಲದೆ ಹೋಯಿತು, ಮುಂಜಾನೆ ಎರಡೂವರೆ ಲೀಟರಿನಲ್ಲಿ ಮುಗಿಯಿತು. ಒಂದು ವಿಷಯವನ್ನು ಮಾತ್ರ ಇಲ್ಲಿ ಒತ್ತಿ ಹೇಳಬೇಕು. ಸಂಜೆಯ ಗಾಳಿ ಎಷ್ಟು ಒಣಗಿರುತ್ತದೆಂದರೆ ಬೆವರು ಅಂಗಿಗೆ ಇಳಿಯುವ ಮೊದಲೇ ಆರಿಹೋಗುತ್ತದೆ, ಮೈ ಒಣಗಿರುವುದರಿಂದ ನಷ್ಟವಾಗಿಲ್ಲವೆಂದು ಅನಿಸುತ್ತದೆ. ಆ ಸಂಜೆ ಗೆಳೆಯನ ಅಂಗಿಯ ಬೆನ್ನಿನಲ್ಲಿ ಉಪ್ಪಿನ ಬಿಳಿ ಗೆರೆಗಳನ್ನು ಕಂಡಾಗಲೇ ನನಗೆ ಗಾಬರಿಯಾದದ್ದು. ಮುಂಜಾನೆಯ ಗಾಳಿಯಲ್ಲಿ ತೇವ ಹೆಚ್ಚು, ಅಂಗಿ ಮೈಗೆ ಅಂಟುತ್ತದೆ, ಅದು ಕಿರಿಕಿರಿಯೇ ಸರಿ. ಆದರೆ ಎಷ್ಟು ಬೆವರಿದ್ದೇವೆಂಬುದು ಕಣ್ಣಿಗೆ ಕಾಣುತ್ತದೆ. ಒಣಗಾಳಿಯಿಂದ ಸಂಜೆಯವರಿಗೆ ಒಂದು ಲಾಭವೂ ಉಂಟು: ಬಾಟಲಿಗೆ ಸುತ್ತಿದ ಒದ್ದೆ ವಲ್ಲಿ ನೀರನ್ನು ಚೆನ್ನಾಗಿ ತಣ್ಣಗಿಟ್ಟಿತು. ಮುಂಜಾನೆ ಆ ಉಪಾಯ ಅಷ್ಟಾಗಿ ನಡೆಯಲಿಲ್ಲ, ಬೇಕಾಗಿಯೂ ಇರಲಿಲ್ಲ.

ಕುಡಿಯಲು ಜೋಳದ ಅಂಬಲಿ ಮತ್ತು ಓಆರ್‌ಎಸ್ ಎರಡನ್ನೂ ಒಯ್ದಿದ್ದೆವು. ಸಂಜೆಗೆಂದು ಬೆಳಿಗ್ಗೆಯೇ ಮಾಡಿಟ್ಟಿದ್ದ ಅಂಬಲಿ ಚೀಲದ ಕಾವಿನಲ್ಲಿ ಹುಳಿಯೇರಿ, ಮುಚ್ಚಳ ತಿರುಗಿಸುತ್ತಲೇ ಸುಯ್ ಎಂದು ಉಕ್ಕಿತು, ಕುಡಿಯಲಾಗಲಿಲ್ಲ. ರಾತ್ರಿ ಮಾಡಿಟ್ಟು ನಸುಕಿನಲ್ಲಿ ಮಜ್ಜಿಗೆ, ಉಪ್ಪು, ಜಜ್ಜಿದ ಉಳ್ಳಾಗಡ್ಡಿ ಬೆರೆಸಿದ ಅಂಬಲಿ ಹೊರಡುವ ಮುನ್ನ ಕುಡಿದಾಗ ಹೊಟ್ಟೆಗೂ ಹಗುರ, ಇಳಿಯುವವರೆಗೆ ಹಸಿವೂ ಇಲ್ಲ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಂತೆ ಪೂರ್ತಿ ಒಂದು ಲೀಟರ್ ನೀರಿಗೇ ಕಲಸಬೇಕು. ಅರ್ಧ ಲೀಟರಿಗೆ ಕಲಸಿದರೆ ಉಪ್ಪು, ಸಕ್ಕರೆಯ ಪ್ರಮಾಣ ಇಮ್ಮಡಿಯಾಗಿ ಅದು ಮಾಡಬೇಕಾದ ಕೆಲಸವೇ ಕೆಡುತ್ತದೆ.

ಸಂಜೆಯ ಸೊಬಗನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಮೇಲಿನಿಂದ ಊರಿನ ದೀಪಗಳು ಒಂದೊಂದೇ ಹತ್ತುವುದನ್ನು, ದೂರದ ಬಯಲಿನಲ್ಲಿ ರೈಲೊಂದು ಬೆಳಕಿನ ಸಾಲಾಗಿ ಸರಿಯುವುದನ್ನು ಕಂಡ ಹದಿನೈದು ನಿಮಿಷಗಳನ್ನು ನಾನು ಯಾವುದಕ್ಕೂ ಬಿಟ್ಟುಕೊಡಲಾರೆ. ನಸುಕಿನಲ್ಲಿ ಕಿವಿಗೆ ಸಿಗುವುದು ಹೆಚ್ಚು: ಕೆಳಗಿನಿಂದ ಅಜಾನು, ಗುಡಿಯ ಗಂಟೆ, ಪೊದೆಗಳಲ್ಲಿ ಗೌಜಲಹಕ್ಕಿಯ ಕೂಗು. ನೋಟವನ್ನಷ್ಟೇ ತೂಗಿದರೆ ಸಂಜೆಗೇ ನನ್ನ ಮತ.

ಆದರೆ ಎರಡನೆಯ ಸಂಜೆ ನನ್ನ ಪಕ್ಷವನ್ನು ಪೂರ್ತಿ ಬದಲಿಸಿತು. ಮುಂಗಾರಿಗೆ ಮುಂಚಿನ ಗುಡುಗು ಮಳೆ ನಮ್ಮಲ್ಲಿ ಹೆಚ್ಚಾಗಿ ಬರುವುದು ಮಧ್ಯಾಹ್ನ ಕಳೆದ ಮೇಲೆ. ನಾವು ತುದಿ ತಲುಪುವ ಹೊತ್ತಿಗೆ ಪಡುವಣದಲ್ಲಿ ಮೋಡ ಕಪ್ಪಿಟ್ಟು ಮಿಂಚಿತು. ಮಿಂಚಿನಿಂದ ಗುಡುಗಿನವರೆಗೆ ಎಣಿಸಿದೆವು, ಹನ್ನೆರಡು ಸೆಕೆಂಡು; ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕಾದ್ದರಿಂದ ಸಿಡಿಲು ನಾಲ್ಕು ಕಿಲೋಮೀಟರ್ ದೂರದಲ್ಲಿತ್ತು. ಮೂವತ್ತಕ್ಕಿಂತ ಕಡಿಮೆ ಎಣಿಕೆ ಬಂದರೆ ಬಯಲಿನಲ್ಲಿಯೇ ನಿಲ್ಲಬಾರದೆನ್ನುತ್ತಾರೆ, ನಾವು ನಿಂತಿದ್ದುದು ಊರಿಗೇ ಎತ್ತರವಾದ ಜಾಗದಲ್ಲಿ. "ನಡಿ ನಡಿ, ನೋಡಕೋತ ನಿಂದ್ರಬ್ಯಾಡ," ಎಂದು ಗೆಳೆಯ ನನ್ನ ತೋಳು ಹಿಡಿದೆಳೆದ. ಕತ್ತಲಾಗುತ್ತಿದ್ದಂತೆ, ಸವೆದು ನುಣುಪಾದ ಮೆಟ್ಟಿಲುಗಳ ಮೇಲೆ, ದೂಳುಗಾಳಿಗೆ ಕಣ್ಣು ಮುಚ್ಚಿಕೊಳ್ಳುತ್ತ ಇಳಿದೆವು. ಕಾವಿದ್ದ ಕಲ್ಲಿನ ಸಂದಿಯಿಂದ ಹೊರಬಂದಿದ್ದ ಒಂದು ಚೇಳು ಟಾರ್ಚಿನ ಬೆಳಕಿನಲ್ಲಿ, ನನ್ನ ಬಲಗಾಲಿನಿಂದ ಒಂದು ಗೇಣು ದೂರದಲ್ಲಿ, ಕೊಂಡಿ ಎತ್ತಿ ನಿಂತಿತ್ತು.

ನಸುಕಿನಲ್ಲೂ ಕತ್ತಲೆ ಇರುತ್ತದೆ, ಟಾರ್ಚು ಬೇಕೇ ಬೇಕು; ಆದರೆ ಆ ಕತ್ತಲೆ ಪ್ರತಿ ಹೆಜ್ಜೆಗೂ ತಿಳಿಯಾಗುತ್ತ ಹೋಗುತ್ತದೆ, ಕಷ್ಟದ ಇಳಿಜಾರನ್ನು ಹಗಲು ಬೆಳಕಿನಲ್ಲಿಯೇ ಇಳಿಯುತ್ತೇವೆ. ಹೊತ್ತು ಮಾತ್ರ ಮೀರಬಾರದು. ಎರಡನೆಯ ಮುಂಜಾನೆ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಬಿಚ್ಚಿ ಹರಟುತ್ತ 8.30ರವರೆಗೆ ಮೇಲೆಯೇ ಕೂತಿದ್ದಕ್ಕೆ ಇಳಿಯುವಾಗ ಬಂಡೆಗಳು ಆಗಲೇ ಕಾದಿದ್ದವು, 7.30ಕ್ಕೆ ಎದ್ದಿದ್ದರೆ ಆ ತೊಂದರೆ ಇರುತ್ತಿರಲಿಲ್ಲ. ರಾತ್ರಿ ಉಳಿಯಲು ಯಾದಗಿರಿಯಲ್ಲಿ ಮನೆಯಿಲ್ಲದೆ ಸಂಜೆಯೇ ಹೋಗಬೇಕಾದವರು ಆಕಾಶ ಪೂರ್ತಿ ತಿಳಿಯಾಗಿರುವ ದಿನ ನೋಡಿಕೊಂಡು, ಒಬ್ಬರಿಗೆ ಮೂರು ಲೀಟರಿನಂತೆ ನೀರು ಹೊತ್ತು, ಮೊದಲ ಬಾಗಿಲಿನ ಬಳಿ ಬಂಡೆಗೆ ಅಂಗೈ ಇಟ್ಟು ನೋಡಲಿ. ಹತ್ತು ಎಣಿಸುವವರೆಗೆ ಇಟ್ಟುಕೊಳ್ಳಲಾಗದಿದ್ದರೆ ಅಲ್ಲಿಯೇ ಇನ್ನೂ ಸ್ವಲ್ಪ ಹೊತ್ತು ಕೂರುವುದು ಒಳ್ಳೆಯದು.