ಮೊದಲ ಟೆಲಿಸ್ಕೋಪಿಗೆ ಯಾವ ಐಪೀಸ್? ವಾಚ್ ರಿಪೇರಿಯವನ ಎರಡು ಚಳಿಗಾಲದ ಅನುಭವ

ನಾನು ಮೈಸೂರಿನಲ್ಲಿ ವಾಚ್ ರಿಪೇರಿ ಮಾಡುವವನು. ದೇವರಾಜ ಮಾರುಕಟ್ಟೆ ಹತ್ತಿರದ ಗಲ್ಲಿಯಲ್ಲಿ ಚಿಕ್ಕ ಅಂಗಡಿ. ಇಪ್ಪತ್ತಾರು ವರ್ಷದಿಂದ ಬಲಗಣ್ಣಿಗೆ ಐಗ್ಲಾಸ್ ಸಿಕ್ಕಿಸಿಕೊಂಡೇ ಕೂತಿದ್ದೇನೆ. 2024ರ ಕೊನೆಯಲ್ಲಿ ಒಂದು ಟೆಲಿಸ್ಕೋಪ್ ತಗೊಂಡೆ. 150 ಮಿಲಿಮೀಟರ್ ಕನ್ನಡಿ, 1200 ಮಿಲಿಮೀಟರ್ ಫೋಕಲ್ ಲೆಂಗ್ತ್ (ಕನ್ನಡಿಯಿಂದ ಚಿತ್ರ ಮೂಡುವ ಜಾಗಕ್ಕಿರುವ ದೂರ), ಮರದ ಪೀಠದ ಮೇಲೆ ಕೈಯಲ್ಲೇ ತಿರುಗಿಸುವ ಡಾಬ್ಸೋನಿಯನ್. ಟೆಲಿಸ್ಕೋಪ್ ಬಗ್ಗೆ ನನಗೆ ದೂರಿಲ್ಲ. ಆದರೆ ಅದಕ್ಕೆ ಹಾಕುವ ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸಿನ ತುಂಡು), ಬಾರ್ಲೋ, ಫಿಲ್ಟರ್ ಅಂತ ಹುಡುಕಿ ಹೊರಟಾಗ ದುಡ್ಡು ದಂಡವೂ ಆಯ್ತು, ಒಳ್ಳೆಯ ಸಾಮಾನೂ ಸಿಕ್ಕಿತು. ಹೊಸದಾಗಿ ತಗೊಳ್ಳುವವರಿಗೆ ಅನುಕೂಲವಾಗಲಿ ಅಂತ ಎಲ್ಲ ಬರೆಯುತ್ತಿದ್ದೇನೆ.

ಅಂಗಡಿಗೆ ಬರುವ ಪಿಯುಸಿ ಹುಡುಗನೊಬ್ಬನಿಗೆ ನಾನು ಟೆಲಿಸ್ಕೋಪ್ ತಗೊಂಡ ವಿಷಯ ಗೊತ್ತಾಯ್ತು. "ಅಂಕಲ್, ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ?" ಅಂತ ಮೊದಲು ಅದನ್ನೇ ಕೇಳಿದ. ಮೇಜಿನ ಮೇಲೆ ಒಂದು ಹಳೆ ಎಚ್‌ಎಂಟಿ ಬಿಚ್ಚಿಟ್ಟಿದ್ದೆ. ಅವನ ಕೈಗೆ ನಾಲ್ಕು ಪಟ್ಟಿನ ಐಗ್ಲಾಸ್ ಕೊಟ್ಟೆ. ಬ್ಯಾಲೆನ್ಸ್ ವೀಲ್ ಪೂರ್ತಿ ಕಂಡಿತು. ಆಮೇಲೆ ಹತ್ತು ಪಟ್ಟಿನದು ಕೊಟ್ಟೆ. ವಾಚಿಗೆ ಮೂಗು ತಾಗುವಷ್ಟು ಬಗ್ಗಬೇಕಾಯ್ತು, ಕಂಡಿದ್ದು ಒಂದು ಕೆಂಪು ಜ್ಯೂವೆಲ್, ಅದರ ಸುತ್ತ ಸ್ವಲ್ಪ ಜಾಗ. ಉಸಿರಾಡಿದರೂ ಅಲ್ಲಾಡುತ್ತದೆ. ದಿನವಿಡೀ ಕೆಲಸಕ್ಕೆ ಬರುವುದು ನಾಲ್ಕು ಪಟ್ಟಿನದೇ. ಹತ್ತರದ್ದು ಅಪರೂಪಕ್ಕೆ.

ಐಪೀಸ್ ಅಂದರೂ ಇದೇ ಐಗ್ಲಾಸ್. ಕೊಳವೆಯ ತಳದಲ್ಲಿರುವ ಕನ್ನಡಿ ಆಕಾಶದ ಒಂದು ಪುಟ್ಟ ಚಿತ್ರ ಮೂಡಿಸುತ್ತದೆ. ಅದನ್ನು ನಾವು ಐಪೀಸ್ ಹಿಡಿದು ನೋಡುತ್ತೇವೆ, ಅಷ್ಟೇ. ನಂಬಿಕೆ ಬರದಿದ್ದರೆ ಐಪೀಸ್ ತೆಗೆದು, ಅದು ಕೂರುವ ಫೋಕಸರ್ ಬಾಯಿಗೆ ಬಟರ್ ಪೇಪರ್ ಹಿಡಿದು ಟೆಲಿಸ್ಕೋಪನ್ನು ಚಂದ್ರನ ಕಡೆ ತಿರುಗಿಸಿ. ಕಾಗದವನ್ನು ಹಿಂದೆಮುಂದೆ ಸರಿಸಿದರೆ ಒಂದು ಕಡೆ ಚಂದ್ರ ಚೊಕ್ಕವಾಗಿ ಮೂಡುತ್ತಾನೆ. ನಾನು ವರ್ನಿಯರ್ ಇಟ್ಟು ಅಳೆದೆ. ಸುಮಾರು 11 ಮಿಲಿಮೀಟರ್. ಲೇಡೀಸ್ ವಾಚಿನ ಡಯಲ್‌ಗಿಂತ ಚಿಕ್ಕದು. ಅಷ್ಟು ಚಿಕ್ಕದರಲ್ಲೇ ಕಲೆಗಳೆಲ್ಲ ಇದ್ದವು. ಆ ರಾತ್ರಿ ತುಂಬಾ ಹೊತ್ತು ಆ ಕಾಗದವನ್ನೇ ನೋಡುತ್ತಾ ನಿಂತಿದ್ದೆ.

ಲೆಕ್ಕ ಸುಲಭ. ಟೆಲಿಸ್ಕೋಪಿನ ಫೋಕಲ್ ಲೆಂಗ್ತನ್ನು ಐಪೀಸಿನದರಿಂದ ಭಾಗಿಸಬೇಕು. ಜೊತೆಗೆ ಬಂದಿದ್ದು 25 ಮತ್ತು 10 ಮಿಲಿಮೀಟರ್. ಅಂದರೆ 48 ಪಟ್ಟು, 120 ಪಟ್ಟು. ನಂಬರ್ ಕಮ್ಮಿ ಆದಷ್ಟೂ ಪಟ್ಟು ಜಾಸ್ತಿ. ಹಾಗಂತ ಎಷ್ಟು ಬೇಕಾದರೂ ಏರಿಸಬಹುದು ಅಂತಲ್ಲ. ಕನ್ನಡಿಯ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟೇ ಮೇಲಿನ ಮಿತಿ. ನನ್ನದಕ್ಕೆ 300. ಅದೂ ಗಾಳಿ ಪೂರ್ತಿ ಶಾಂತವಾಗಿದ್ದ ದಿನ. ನಮ್ಮ ಮನೆ ತಾರಸಿಯ ಮೇಲೆ ಸಂಜೆ ಏಳಕ್ಕೆ ನೋಡಿದರೆ, ಬಿಸಿಲಿಗೆ ಕಾದ ಕಾಂಕ್ರೀಟು ಇನ್ನೂ ಬಿಸಿ ಬಿಡುತ್ತಿರುತ್ತದೆ. ಗುರು ಗ್ರಹ ಹರಿಯೋ ನೀರಿನ ತಳದ ಕಲ್ಲಿನ ಹಾಗೆ ಕುಣಿಯುತ್ತಿರುತ್ತಾನೆ. ಹನ್ನೊಂದರ ಮೇಲೆ ನಿಲ್ಲುತ್ತಾನೆ. ಆಗಲೂ ನಾನು 200 ದಾಟುವುದಿಲ್ಲ.

ಇದೆಲ್ಲ ಗೊತ್ತಾಗುವ ಮೊದಲೇ ಆನ್‌ಲೈನಲ್ಲಿ ಒಂದು ಕಿಟ್ ತರಿಸಿದ್ದೆ. ಆರು ಸಾವಿರ ಚಿಲ್ಲರೆ. ಅಲ್ಯೂಮಿನಿಯಂ ಪೆಟ್ಟಿಗೆ, ಒಳಗೆ ಫೋಮ್ ಕತ್ತರಿಸಿ ಜೋಡಿಸಿದ ನಾಲ್ಕು ಐಪೀಸ್, ಮೂರು ಪಟ್ಟಿನ ಬಾರ್ಲೋ, ಬಣ್ಣಬಣ್ಣದ ಫಿಲ್ಟರ್. ಪೆಟ್ಟಿಗೆ ತೆಗೆದಾಗ ಒಡವೆ ಅಂಗಡಿಗೆ ಹೋದ ಹಾಗಾಯ್ತು. ಐಪೀಸ್‌ಗಳು 20, 12.5, 6 ಮತ್ತು 4. ಬಾರ್ಲೋ ಅಂದರೆ ಐಪೀಸಿನ ಪಟ್ಟು ಏರಿಸುವ ತುಂಡು. ಈ ಮೂರು ಪಟ್ಟಿನದನ್ನು 10 ಮಿಲಿಮೀಟರಿಗೆ ಹಾಕಿದರೆ 360, 6ಕ್ಕೆ ಹಾಕಿದರೆ 600. ಎರಡೂ ನನ್ನ ಕನ್ನಡಿಗೆ ಆಗದ ಲೆಕ್ಕ. ಜೊತೆಗೆ ಅದರ ಲೆನ್ಸು ಒಳಗೆ ಲೊಟಲೊಟ ಅಂತಿತ್ತು. ಬಿಚ್ಚಿ ನೋಡಿದೆ. ಹಿಡಿದಿಡುವ ರಿಂಗ್ ಪ್ಲಾಸ್ಟಿಕ್ಕು, ಅದರ ತಿರುಪಿನ ಮರೆಯೇ ಸರಿಯಾಗಿ ಕೂತಿಲ್ಲ. ಗುರುವಿನ ಒಂದು ಅಂಚು ನೀಲಿ, ಇನ್ನೊಂದು ಅಂಚು ಕೆಂಪು. ಮಾರಿದವರಿಗೆ ಫೋಟೋ ಸಮೇತ ಬರೆದೆ. ಪೆಟ್ಟಿಗೆ ತೆರೆದಿದ್ದೀರಿ, ವಾಪಸ್ ಆಗಲ್ಲ ಅಂದರು. ತೆರೆಯದೆ ಒಳಗಿನ ಲೆನ್ಸ್ ಲೂಸಾಗಿದೆ ಅಂತ ತಿಳಿಯುವುದು ಹೇಗೆ? ಈ ನೋವು ನನಗೆ ಇನ್ನೂ ಇದೆ. ಎರಡು ಪಟ್ಟಿನ ಒಳ್ಳೆ ಬಾರ್ಲೋ ಕೆಲಸಕ್ಕೆ ಬರುತ್ತದೆ, ಒಂದು ಐಪೀಸನ್ನು ಎರಡು ಮಾಡುತ್ತದೆ. ಕಿಟ್‌ನಲ್ಲಿ ಬರುವುದನ್ನು ನಂಬಬೇಡಿ.

ಆ ಕಿಟ್‌ನಲ್ಲಿ ಇನ್ನೊಂದು ಸಾಮಾನಿತ್ತು. ಅದರ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಐಪೀಸಿನ ಕೆಳಗೆ ತಿರುಗಿಸಿ ಹಾಕುವ ಕಪ್ಪು ಗಾಜು, ಮೇಲೆ 'ಸನ್' ಅಂತ ಬರೆದಿದೆ. ದಯವಿಟ್ಟು ಅದನ್ನು ಬಳಸಬೇಡಿ. ಕನ್ನಡಿ ಬಿಸಿಲನ್ನೆಲ್ಲ ಒಟ್ಟುಮಾಡಿ ಹತ್ತಿರ ಹತ್ತಿರ ಆ ಬಿಲ್ಲೆಯಷ್ಟು ಜಾಗಕ್ಕೇ ತಂದು ಸುರಿಯುತ್ತದೆ. ಗಾಜು ಕಾದು ಪಟ್ ಅಂದರೆ ಕಣ್ಣು ಹೋಯ್ತು. ಸೂರ್ಯನಿಗೆ ಫಿಲ್ಟರ್ ಹಾಕಬೇಕಾದ್ದು ಕೊಳವೆಯ ಮುಂದಿನ ಬಾಯಿಗೆ, ಬಿಸಿಲು ಒಳಗೆ ಹೋಗುವ ಮೊದಲೇ. ಅದಕ್ಕಂತಲೇ ಮಾಡಿದ ಸೋಲಾರ್ ಫಿಲ್ಮ್ ಸಿಗುತ್ತದೆ. ಗುರಿ ಹಿಡಿಯಲು ಕೊಳವೆ ಮೇಲೆ ಕೂರಿಸಿರುವ ಪುಟ್ಟ ದುರ್ಬೀನು, ಅಂದರೆ ಫೈಂಡರಿಗೂ ಮುಚ್ಚಳ ಹಾಕಿರಬೇಕು. 2019ರ ಡಿಸೆಂಬರ್ 26ರ ಗ್ರಹಣ ನೆನಪಿದೆಯಲ್ವಾ? ಕೊಡಗಿನ ಕುಟ್ಟದ ಕಡೆ ಉಂಗುರ ಕಂಡಿತ್ತು, ಮೈಸೂರಲ್ಲಿ ತೆಳು ಕುಡುಗೋಲು. ನನಗೆ ಈ ಹುಚ್ಚು ಹತ್ತಿದ್ದು ಆವತ್ತೇ, ಗ್ರಹಣದ ಕನ್ನಡಕದಲ್ಲಿ ನೋಡಿ. ನಮ್ಮ ಬೀದಿ ಮಕ್ಕಳೆಲ್ಲ ಅವತ್ತು ಹೊರಗೆ ನಿಂತಿದ್ದರು. ಅದಕ್ಕೇ ಆ ಕಪ್ಪು ಬಿಲ್ಲೆಯನ್ನು ಯಾರ ಕೈಗೂ ಸಿಗದ ಹಾಗೆ ಸುತ್ತಿಗೆಯಲ್ಲಿ ಪುಡಿ ಮಾಡಿ ಬಿಸಾಕಿದೆ.

ಈಗ ಐಪೀಸ್ ವಿಷಯ. ನನ್ನ ಹತ್ತಿರ ಎರಡು 6 ಮಿಲಿಮೀಟರ್ ಇವೆ. ಒಂದು ಕಿಟ್‌ನ ಪ್ಲಾಸಲ್, ಅಂದರೆ ಹಳೆಯ ಮಾಮೂಲಿ ವಿನ್ಯಾಸದ್ದು. ಇನ್ನೊಂದು ಆಮೇಲೆ ಬೇರೆಯಾಗಿ ತಗೊಂಡ, ಸುತ್ತಲೂ ಚಿನ್ನದ ಬಣ್ಣದ ಗೆರೆ ಇರುವ, ನೋಟದ ಅಗಲ 66 ಡಿಗ್ರಿಯದು. ನೋಡುವವರು ಗೋಲ್ಡ್‌ಲೈನ್ ಅಂತಲೇ ಕರೆಯುತ್ತಾರೆ. ಮೂರು ಸಾವಿರದ ಒಳಗೆ ಬಂತು. ಎರಡರಲ್ಲೂ 200 ಪಟ್ಟೇ. ಕಾಗದದ ಮೇಲೆ ಹೆಚ್ಚು ವ್ಯತ್ಯಾಸವಿಲ್ಲ.

ವ್ಯತ್ಯಾಸ ತೋರಿಸಿದ್ದು ನಮ್ಮ ಅತ್ತೆ. ಪಾಂಡವಪುರದ ಆಚೆ ಅವರ ಊರು. ಹೋದ ಚಳಿಗಾಲ ಅಲ್ಲಿಗೆ ಟೆಲಿಸ್ಕೋಪ್ ಕಾರಲ್ಲಿ ಹಾಕಿಕೊಂಡು ಹೋಗಿದ್ದೆ. ಕಣದಲ್ಲಿ ನಿಲ್ಲಿಸಿ ಶನಿಗೆ ತಿರುಗಿಸಿದೆ. ಮೊದಲು ಪ್ಲಾಸಲ್ ಹಾಕಿದ್ದೆ. ಅತ್ತೆ ಬಗ್ಗಿ ನೋಡಿದರು. "ಏನೂ ಕಾಣ್ತಿಲ್ಲ ಅಳಿಯಂದ್ರೇ, ಬರೀ ಕತ್ಲೆ" ಅಂದರು. ಆ ಐಪೀಸಿನ ಮೇಲಿನ ಗಾಜು ಕೊತ್ತಂಬರಿ ಬೀಜದಷ್ಟು. ಕಣ್ಣನ್ನು ಅದರಿಂದ ನಾಲ್ಕೈದು ಮಿಲಿಮೀಟರ್ ದೂರದಲ್ಲಿ ಇಡಬೇಕು. ರೆಪ್ಪೆ ತಾಗುತ್ತದೆ, ತಾಗಿದ ಕೂಡಲೇ ಕಣ್ಣು ಹಿಂದಕ್ಕೆ ಬರುತ್ತದೆ, ಬಂದ ಕೂಡಲೇ ಕತ್ತಲೆ. ಅವರು ಜಾಗ ಹುಡುಕುವಷ್ಟರಲ್ಲಿ ಶನಿಯೇ ಜಾರಿ ಹೋಗಿರುತ್ತಿದ್ದ. ಭೂಮಿ ತಿರುಗುತ್ತಿದೆಯಲ್ಲ, ಪ್ಲಾಸಲ್‌ನಲ್ಲಿ ಈ ಅಂಚಿನಿಂದ ಆ ಅಂಚಿಗೆ ಒಂದೇ ನಿಮಿಷ. ಮೂರು ಸಲ ಹೀಗಾಯ್ತು. ಅತ್ತೆ "ನನ್ನ ಕಣ್ಣೇ ಸರಿ ಇಲ್ಲ ಬುಡಿ" ಅಂದು ಹೊರಟೇಬಿಟ್ಟರು. ಅದು ನನಗೆ ಬಹಳ ಬೇಜಾರಾಯ್ತು. ಕಣ್ಣಿನ ತಪ್ಪಲ್ಲ ಅದು.

ಗೋಲ್ಡ್‌ಲೈನ್ ಹಾಕಿ ಮತ್ತೆ ಕರೆದೆ. ಇದರಲ್ಲಿ ಕಣ್ಣು ಸುಮಾರು 15 ಮಿಲಿಮೀಟರ್ ದೂರ ಇದ್ದರೂ ಪೂರ್ತಿ ಕಾಣುತ್ತದೆ. ಮೇಲಿನ ಗಾಜು ದೊಡ್ಡದು. ಶನಿ ದಾಟಲು ಇನ್ನೂ ಇಪ್ಪತ್ತು ಸೆಕೆಂಡ್ ಜಾಸ್ತಿ ಬೇಕು. ಅತ್ತೆ ಬಗ್ಗಿದರು, ಸುಮ್ಮನಾದರು. ಆಮೇಲೆ, "ಇವ್ನೇನಾ ಶನಿಮಾತ್ಮ? ಮಲ್ಲಿಗೆ ಮೊಗ್ಗಿಗೆ ಸೂಜಿ ಚುಚ್ದಂಗವ್ನೆ!" ಅಂದರು. ಸರಿಯಾಗಿಯೇ ಹೇಳಿದರು. 2025ರ ಮಾರ್ಚಿನಲ್ಲಿ ಶನಿಯ ಉಂಗುರ ನಮ್ಮ ಕಡೆಗೆ ಅಂಚು ತಿರುಗಿಸಿ ನಿಂತಿತ್ತು. ವರ್ಷದ ಕೊನೆಯಲ್ಲೂ ಅಷ್ಟು ತೆಳು ಗೆರೆಯೇ. ಪಕ್ಕದಲ್ಲಿ ಶನಿಯ ಚಂದ್ರ ಟೈಟನ್ ಕೂಡ ಚುಕ್ಕಿಯಾಗಿ ಕಾಣುತ್ತಿತ್ತು. ಅತ್ತೆ ಎರಡು ಸಲ ನೋಡಿದರು, ಪಕ್ಕದ ಮನೆಯವರನ್ನೂ ಕೂಗಿ ಕರೆದರು.

ಹಾಗಾಗಿ ಐಪೀಸ್ ತಗೊಳ್ಳುವಾಗ ಪಟ್ಟಿನ ಲೆಕ್ಕಕ್ಕಿಂತ ಮೊದಲು ಐ ರಿಲೀಫ್ ಎಷ್ಟು ಅಂತ ಕೇಳಿ. ಕಣ್ಣು ಎಷ್ಟು ದೂರ ಇರಬಹುದು ಅನ್ನುವುದಕ್ಕೆ ಆ ಹೆಸರು. ಪ್ಲಾಸಲ್ ಕೆಟ್ಟದ್ದಲ್ಲ. 1860ರಲ್ಲಿ ವಿಯೆನ್ನಾದ ಪ್ಲಾಸಲ್ ಮಾಡಿದ ವಿನ್ಯಾಸ, ಇವತ್ತಿಗೂ ನಡೆಯುತ್ತಿದೆ. ಆದರೆ ಅದರಲ್ಲಿ ಐ ರಿಲೀಫ್ ಫೋಕಲ್ ಲೆಂಗ್ತಿನ ಮುಕ್ಕಾಲು ಭಾಗದ ಆಸುಪಾಸು. 25, 32ರಲ್ಲಿ ಆರಾಮ. 10ರಿಂದ ಕೆಳಗೆ ಹಿಂಸೆ.

ಕನ್ನಡಕ ಇರುವವರಿಗೆ ಒಂದು ಮಾತು. ಬರೀ ಪ್ಲಸ್ ಮೈನಸ್ ನಂಬರ್ ಆದರೆ ಕನ್ನಡಕ ತೆಗೆದು ಫೋಕಸ್ ತಿರುಗಿಸಿದರೆ ಸಾಕು. ನನ್ನ ಹೆಂಡತಿಗೆ ಸಿಲಿಂಡರ್ ನಂಬರ್ ಇದೆ. ಅದನ್ನು ಫೋಕಸ್ ಸರಿ ಮಾಡುವುದಿಲ್ಲ. ಕನ್ನಡಕ ತೆಗೆದು 25ರಲ್ಲಿ ನೋಡಿದಾಗ, "ರೀ, ನಕ್ಷತ್ರಕ್ಕೆಲ್ಲ ಬಾಲ ಇದೆ" ಅಂದಳು. ಅದೇ 6ರಲ್ಲಿ ಬಾಲ ಹೋಯ್ತು. ಪಟ್ಟು ಏರಿದಷ್ಟೂ ಐಪೀಸಿಂದ ಬರುವ ಬೆಳಕಿನ ಎಳೆ ಸಣ್ಣದಾಗುತ್ತದೆ, ಕಣ್ಣಿನ ನಡುಭಾಗ ಮಾತ್ರ ಬಳಕೆಯಾಗುತ್ತದೆ. ಅದಕ್ಕೇ ಅವಳಿಗೋಸ್ಕರ 32 ಮಿಲಿಮೀಟರ್ ಪ್ಲಾಸಲ್ ತಗೊಂಡೆ. ಕನ್ನಡಕ ಹಾಕಿಕೊಂಡೇ ನೋಡಬಹುದು. ನಮ್ಮ ಕೊಳವೆಯಲ್ಲಿ ಚಂದ್ರನಂಥ ಎರಡೂವರೆ ಬಿಲ್ಲೆ ಪಕ್ಕಪಕ್ಕ ಇಡುವಷ್ಟು ಆಕಾಶ ಒಟ್ಟಿಗೆ ಕಾಣುತ್ತದೆ. ಅವಳ ಮೆಚ್ಚಿನದು ಅದೇ.

ನನ್ನ ಮೆಚ್ಚಿನದು 9 ಮಿಲಿಮೀಟರ್ ಗೋಲ್ಡ್‌ಲೈನ್. 133 ಪಟ್ಟು. ಗಾಳಿ ಸುಮಾರಾಗಿದ್ದ ದಿನವೂ ಕೈ ಕೊಡುವುದಿಲ್ಲ. ಏಪ್ರಿಲ್ ರಾತ್ರಿ ಅತ್ತೆ ಊರಲ್ಲಿ ಒಮೆಗಾ ಸೆಂಟಾರಿ ಅನ್ನುವ ನಕ್ಷತ್ರಗುಚ್ಛ ನೋಡಿದ್ದೆ. ದೆಹಲಿಯವರಿಗೆ ಅದು ದಿಗಂತ ಬಿಟ್ಟು ಹೆಚ್ಚು ಮೇಲೆ ಬರುವುದಿಲ್ಲ, ನಮಗೆ ದಕ್ಷಿಣದಲ್ಲಿ 30 ಡಿಗ್ರಿ ಏರುತ್ತದೆ. 25ರಲ್ಲಿ ಮಂಜಿನ ಉಂಡೆ. 9 ಹಾಕಿದಾಗ ಕಪ್ಪು ಬಟ್ಟೆ ಮೇಲೆ ರವೆ ಚೆಲ್ಲಿದ ಹಾಗೆ ಕಾಳುಕಾಳು. ನಡುವೆ ರಾಶಿ, ಅಂಚಿಗೆ ಹೋದಂತೆ ಬಿಡಿಬಿಡಿ. ಮೈಸೂರಿನ ತಾರಸಿಯಿಂದ ಇದನ್ನು ಹುಡುಕಬೇಡಿ. ಭಾನುವಾರ ಸಂಜೆ ಅರಮನೆ ದೀಪ ಹಾಕಿದಾಗ ನೋಡುವುದೇ ಒಂದು ಸಂಭ್ರಮ, ಅದಕ್ಕೆ ನಾನೂ ಹೋಗುತ್ತೇನೆ. ಆದರೆ ಊರಿನ ಬೀದಿದೀಪವೆಲ್ಲ ಸೇರಿ ಆಕಾಶ ಬೂದಿ ಬಣ್ಣ ಆಗಿದೆ. ಊರೊಳಗೆ ಚಂದ್ರ, ಗ್ರಹ, ಜೋಡಿ ನಕ್ಷತ್ರ ನೋಡಿಕೊಳ್ಳಿ.

ಉಳಿದ ಸಾಮಾನುಗಳಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಅಂಗಡಿಯ ಮರದ ಸ್ಟೂಲ್. ಕೂತು ನೋಡಿದರೆ ಗುರುವಿನ ಪಟ್ಟೆಗಳು ಎರಡಲ್ಲ, ನಾಲ್ಕು ಕಂಡವು. ನಿಂತು ಬಗ್ಗಿ ನೋಡಿದಾಗ ಸೊಂಟವೇ ಸಾಕಪ್ಪಾ ಅನ್ನುತ್ತದೆ. ಕೆಂಪು ಚುಕ್ಕೆಯಿಂದ ಗುರಿ ತೋರಿಸುವ ರೆಡ್ ಡಾಟ್ ಫೈಂಡರ್ ಕೂಡ ಒಳ್ಳೆಯದು. ಈ ವರ್ಷ ಜನವರಿಯಲ್ಲಿ ಗುರು ಹತ್ತಿರ ಹತ್ತಿರ ನೆತ್ತಿ ಮೇಲೆ ಬರುತ್ತಿದ್ದ, ಜೊತೆಗೆ ಬಂದ ಫೈಂಡರಿನಲ್ಲಿ ನೋಡಲು ಕತ್ತು ಮುರಿಯಬೇಕು. ಮೂನ್ ಫಿಲ್ಟರ್ ಬೇಕಿಲ್ಲ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿದರೆ ಸಾಕು, ಕತ್ತಲೆಗೆ ಹೊಂದಿದ ಕಣ್ಣು ಹಾಳಾಗುವುದಿಲ್ಲ.

ಕನ್ನಡಿ ನೇರ ಮಾಡಲು ಲೇಸರ್ ತಗೊಂಡೆ. ಬಂದ ದಿನ ಫೋಕಸರಿನಲ್ಲಿ ಇಟ್ಟು ಸುಮ್ನೆ ತಿರುಗಿಸಿದೆ. ಕನ್ನಡಿ ಮೇಲಿನ ಕೆಂಪು ಚುಕ್ಕೆ ಒಂದೇ ಕಡೆ ನಿಲ್ಲಬೇಕು. ನನ್ನದು ರೂಪಾಯಿ ನಾಣ್ಯದಷ್ಟು ಸುತ್ತು ಹೊಡೆಯಿತು. ಅಂದರೆ ಲೇಸರೇ ವಾರೆ. ಅದನ್ನು ನಂಬಿ ಕನ್ನಡಿ ತಿರುಗಿಸಿದ್ದರೆ ಸರಿಯಿದ್ದದ್ದೂ ಕೆಡುತ್ತಿತ್ತು. ಲೇಸರಿನ ಪಕ್ಕದಲ್ಲಿ ರಬ್ಬರ್ ತುಂಬಿದ ಮೂರು ತೂತು, ಒಳಗೆ ಸಣ್ಣ ಸ್ಕ್ರೂ. ವಿ ಆಕಾರದ ಮರದ ತುಂಡಿನ ಮೇಲಿಟ್ಟು, ಎದುರು ಗೋಡೆಗೆ ಬೆಳಕು ಬಿಟ್ಟು, ಎಳೆ ಎಳೆಯಾಗಿ ತಿರುಗಿಸಿ ಚುಕ್ಕೆ ನಿಲ್ಲಿಸಿದೆ. ಒಂದು ಸಂಜೆ ಹಿಡಿಯಿತು. ಇಷ್ಟು ರಗಳೆ ಬೇಡ ಅನ್ನುವವರು ಫೋಕಸರಿನ ಧೂಳು ಮುಚ್ಚಳದ ನಟ್ಟನಡುವೆ ಎರಡು ಮಿಲಿಮೀಟರ್ ತೂತು ಮಾಡಿ ಅದರಲ್ಲೇ ನೋಡಿ ನೇರ ಮಾಡಬಹುದು. ಖರ್ಚಿಲ್ಲ.

ಗಾಜು ಒರೆಸುವ ಚಾಳಿ ಬೇಡ. ನಾನು ವಾಚಿಗೆ ಬಳಸುವ ರಬ್ಬರ್ ಬ್ಲೋವರಲ್ಲೇ ಧೂಳು ಊದುತ್ತೇನೆ. ಡಿಸೆಂಬರಿನಲ್ಲಿ ಗದ್ದೆ ಬಯಲಿನಲ್ಲಿ ಐಪೀಸ್ ಮಂಜು ಹಿಡಿದರೆ ಅಂಗಿ ಜೇಬಲ್ಲಿ ಇಟ್ಟುಕೊಳ್ಳಿ, ಮೈಬಿಸಿಗೆ ತಿಳಿಯಾಗುತ್ತದೆ. ಮಳೆಗಾಲಕ್ಕೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಇಲ್ಲವಾದರೆ ಲೆನ್ಸಿಗೆ ಬೂಷ್ಟು ಬರುತ್ತದೆ, ಬಂದರೆ ಹೋಗುವುದು ಕಷ್ಟ.

ಈಗ ಡಬ್ಬಿಯಲ್ಲಿ ಇರುವುದು 32, 9, 6 ಮೂರೇ. ಆ ಪಿಯುಸಿ ಹುಡುಗನಿಗೆ ಮನೆಯಲ್ಲಿ ಟೆಲಿಸ್ಕೋಪ್ ಕೊಡಿಸುತ್ತಾರಂತೆ, 114 ಮಿಲಿಮೀಟರ್ ಕನ್ನಡಿ, 900 ಫೋಕಲ್ ಲೆಂಗ್ತ್. ಜೊತೆಗೆ ಬಂದಿದ್ದರಲ್ಲೇ ಮೂರು ತಿಂಗಳು ನೋಡು, ಆಮೇಲೆ ಬೇಕಾದರೆ ಒಂದು 9 ತಗೋ, ನಿನಗೆ ಸರಿಯಾಗಿ 100 ಪಟ್ಟು ಬರುತ್ತೆ ಅಂದಿದ್ದೇನೆ. ಅದಕ್ಕೂ ಮೊದಲು ನನ್ನದನ್ನೇ ಒಯ್ದು ಹಾಕಿ ನೋಡಲಿ. ಅವನ ಫೋಕಸರೂ ಒಂದೂಕಾಲು ಇಂಚೇ, ನನ್ನದೂ ಅದೇ.